ಕೇಳೋಕೆ ಯಾರೂ ಇಲ್ಲದವರು ‘ಸರ್’ ಮುಂದೆ ಹೇಳಿಕೊಂಡ ಹಾಡುಗಳು: ‘ನೆಬ್ರಾಸ್ಕಾ’ ಆಲ್ಬಮ್‌ನ ಒಂಟಿತನ

 

ಇವತ್ತು ಒಂದು ಕ್ಯಾಸೆಟ್ ಕತೆ ಹೇಳ್ತೀನಿ. 1982ರಲ್ಲಿ ಅಮೆರಿಕದ ಒಬ್ಬ ದೊಡ್ಡ ರಾಕ್ ಸ್ಟಾರ್ ಈ ಕ್ಯಾಸೆಟ್ಟನ್ನ ಪ್ಯಾಂಟ್ ಜೇಬಲ್ಲಿ ಇಟ್ಕೊಂಡು ವಾರಗಟ್ಟಲೆ ಓಡಾಡಿದ್ರು. ಅದಕ್ಕೆ ಪ್ಲಾಸ್ಟಿಕ್ ಡಬ್ಬಿ ಕೂಡ ಇರಲಿಲ್ಲ. ಕೊನೆಗೆ ಅದೇ ಕ್ಯಾಸೆಟ್ಟೇ ಆಲ್ಬಮ್ ಆಗಿ ಹೊರಗೆ ಬಂತು. ಗಾಯಕರ ಹೆಸರು ಬ್ರೂಸ್ ಸ್ಪ್ರಿಂಗ್‌ಸ್ಟೀನ್. ಆಲ್ಬಮ್ ‘ನೆಬ್ರಾಸ್ಕಾ’. ಹತ್ತು ಹಾಡು, ಸುಮಾರು 41 ನಿಮಿಷ.

ಒಂಟಿತನದ ಬಗ್ಗೆ ಹಾಡುಗಳಿಗೆ ಬರವಿಲ್ಲ. ರೀಲ್ಸ್ ತೆಗೆದರೆ ಸಾಕು, ಮಳೆ, ಕಿಟಕಿ, ಹಿಂದೊಂದು ಪಿಯಾನೊ. ಆದರೆ ಮನುಷ್ಯ ಯಾಕೆ ಒಂಟಿ ಆಗ್ತಾನೆ, ಯಾವ ಯಾವ ಹಗ್ಗ ಕಡಿದುಹೋದಾಗ ಆಗ್ತಾನೆ ಅಂತ ಇಷ್ಟು ಸ್ಪಷ್ಟವಾಗಿ ತೋರಿಸೋ ಆಲ್ಬಮ್ ನನಗೆ ಬೇರೆ ಸಿಕ್ಕಿಲ್ಲ. ಅದಕ್ಕೇ ಈ ಎಪಿಸೋಡ್.

ನಂಬರ್ ಒನ್ ಆದ ಮೇಲೆ

ಮೊದಲು ಸ್ವಲ್ಪ ಹಿನ್ನೆಲೆ. 1980ರಲ್ಲಿ ಸ್ಪ್ರಿಂಗ್‌ಸ್ಟೀನ್ ಅವರ ‘ದ ರಿವರ್’ ಬಂತು. ಅಮೆರಿಕದ ಚಾರ್ಟ್‌ನಲ್ಲಿ ಮೊದಲ ಸ್ಥಾನಕ್ಕೇರಿದ ಅವರ ಮೊದಲ ಆಲ್ಬಮ್ ಅದು. ಅದರ ಟೂರ್ ಮುಗಿದಿದ್ದು 1981ರ ಸೆಪ್ಟೆಂಬರ್‌ನಲ್ಲಿ. ದಿನಾ ರಾತ್ರಿ ಸಾವಿರಾರು ಜನ ಕೂಗ್ತಿದ್ದರು, ಆಮೇಲೆ ಒಮ್ಮೆಗೇ ನಿಶ್ಶಬ್ದ. ಆಗ ಅವರಿಗೆ 32 ವರ್ಷ. ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್ ಅನ್ನೋ ಊರಲ್ಲಿ ಬಾಡಿಗೆ ಮನೆ ಮಾಡಿದ್ರು. ಅವರು ಬೆಳೆದ ಫ್ರೀಹೋಲ್ಡ್ ಅಲ್ಲಿಂದ ಹತ್ತಿರವೇ.

ಒಂದು ರಾತ್ರಿ ಟಿವಿಯಲ್ಲಿ ‘ಬ್ಯಾಡ್‌ಲ್ಯಾಂಡ್ಸ್’ ಸಿನಿಮಾ ನೋಡಿದ್ರು. ಟೆರೆನ್ಸ್ ಮ್ಯಾಲಿಕ್ 1973ರಲ್ಲಿ ಮಾಡಿದ್ದು. ಅದರ ಹಿಂದೆ ಒಂದು ನಿಜವಾದ ಪ್ರಕರಣ ಇದೆ. ಚಾರ್ಲ್ಸ್ ಸ್ಟಾರ್ಕ್‌ವೆದರ್ ಅನ್ನೋ 19ರ ಹುಡುಗ, 14 ವರ್ಷದ ಗೆಳತಿ ಜೊತೆಗಿದ್ದಾಗಲೇ 1958ರ ಜನವರಿಯಲ್ಲಿ ನೆಬ್ರಾಸ್ಕಾ ಮತ್ತು ವಯೋಮಿಂಗ್‌ನಲ್ಲಿ ಹತ್ತು ಜನರನ್ನ ಕೊಂದಿದ್ದ. ಸ್ಪ್ರಿಂಗ್‌ಸ್ಟೀನ್ ಆ ಪ್ರಕರಣದ ಬಗ್ಗೆ ಓದೋಕೆ ಶುರು ಮಾಡಿದ್ರು. ಅದರ ಮೇಲೆ ಪುಸ್ತಕ ಬರೆದಿದ್ದ ಪತ್ರಕರ್ತೆಗೆ ಫೋನ್ ಮಾಡಿ ಮಾತಾಡಿದ್ರು. ಆಲ್ಬಮ್‌ನ ಮೊದಲ ಹಾಡು ಹುಟ್ಟಿದ್ದು ಹಾಗೆ.

ಎರಡು ಮೈಕ್, ನಾಲ್ಕು ಟ್ರ್ಯಾಕ್

ಈಗ ರೆಕಾರ್ಡಿಂಗ್ ವಿಷಯಕ್ಕೆ ಬರೋಣ. ನಾನೂ ರೂಮಲ್ಲಿ ಒಬ್ಬನೇ ಕೂತು ಮೈಕ್ ಮುಂದೆ ಮಾತಾಡೋನು, ಅದಕ್ಕೆ ಈ ಭಾಗ ನನಗೆ ಸ್ವಲ್ಪ ಜಾಸ್ತಿನೇ ಇಷ್ಟ.

ಸ್ಟುಡಿಯೋ ಬಾಡಿಗೆಗೆ ತಗೊಂಡು, ಅಲ್ಲಿ ಕೂತು ಹಾಡು ಬರೆದು ಅವರಿಗೆ ಸಾಕಾಗಿತ್ತು. ಮನೆಯಲ್ಲೇ ಹಾಡಿ ಆಮೇಲೆ ಬ್ಯಾಂಡ್‌ಗೆ ಕಲಿಸೋಣ ಅಂತ ಯೋಚನೆ. ಗಿಟಾರ್ ನೋಡ್ಕೊಳ್ತಿದ್ದ ಮೈಕ್ ಬ್ಯಾಟ್ಲನ್ ಅವರಿಂದ ಒಂದು ಪುಟ್ಟ ಮಷಿನ್ ತರಿಸಿದ್ರು: ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೋ. ಮಾಮೂಲಿ ಕ್ಯಾಸೆಟ್ ಮೇಲೆ ನಾಲ್ಕು ಟ್ರ್ಯಾಕ್ ರೆಕಾರ್ಡ್ ಮಾಡುತ್ತೆ. ಜೊತೆಗೆ ಶೂರ್ ಕಂಪನಿಯ ಎರಡು ಸಾಧಾರಣ ಮೈಕ್. ಇಂದು ನಿಮ್ಮ ಫೋನಿನ ಫ್ರೀ ಆ್ಯಪ್‌ನಲ್ಲೂ ಇದಕ್ಕಿಂತ ಹೆಚ್ಚು ಟ್ರ್ಯಾಕ್ ಸಿಗುತ್ತೆ.

1982ರ ಜನವರಿ 3ರಂದು ಮಲಗೋ ಕೋಣೆಯಲ್ಲಿ ಕೂತು ಹೆಚ್ಚಿನ ಹಾಡು ಹಾಡಿ ಮುಗಿಸಿದ್ರು. ಎರಡು ಟ್ರ್ಯಾಕ್‌ಗೆ ದನಿ ಮತ್ತು ಗಿಟಾರ್. ಉಳಿದ ಎರಡರಲ್ಲಿ ಹಾರ್ಮೋನಿಕಾ, ಇನ್ನೊಂದು ದನಿ, ಹೀಗೆ ಏನಾದರೂ. ಆಮೇಲೆ ಎಕೋಪ್ಲೆಕ್ಸ್ ಅನ್ನೋ ಪ್ರತಿಧ್ವನಿ ಯಂತ್ರದ ಮೂಲಕ ಹಾಯಿಸಿ, ಒಂದು ಪ್ಯಾನಾಸೋನಿಕ್ ಟೇಪ್‌ರೆಕಾರ್ಡರ್‌ಗೆ ಇಳಿಸಿದ್ರು.

ಹೆಡ್‌ಫೋನ್ ಹಾಕ್ಕೊಂಡು ಕೇಳಿ. ದನಿ ಕಿವಿ ಪಕ್ಕದಲ್ಲೇ ಇದ್ದ ಹಾಗಿರುತ್ತೆ, ಅದರ ಪ್ರತಿಧ್ವನಿ ಮಾತ್ರ ಎಲ್ಲೋ ದೂರದ ಖಾಲಿ ಜಾಗದಿಂದ ಬರುತ್ತೆ. ಸಾಮಾನೆಲ್ಲಾ ಖಾಲಿ ಮಾಡಿದ ಮನೆಯಲ್ಲಿ ನಿಂತು ಮಾತಾಡಿದ್ದೀರಾ? ಹಾಗೆ. ಹಿಂದೆ ಟೇಪಿನ ಸಣ್ಣ ‘ಸ್‌ಸ್’ ಶಬ್ದ ಬೇರೆ. ಹಾಡಿನ ಪದ ಅರ್ಥ ಆಗೋಕೆ ಮುಂಚೆನೇ ಆ ಕೋಣೆ ನಿಮಗೆ ಎಲ್ಲಾ ಹೇಳಿಬಿಟ್ಟಿರುತ್ತೆ.

ಯಾರಿಗೆ ‘ಸರ್’ ಅಂತೀವಿ?

ಪದಗಳ ಕಡೆ ಗಮನ ಕೊಟ್ಟರೆ ಒಂದು ವಿಚಿತ್ರ ಕಾಣುತ್ತೆ. ಈ ಆಲ್ಬಮ್‌ನ ಪಾತ್ರಗಳು ಮತ್ತೆ ಮತ್ತೆ ಯಾರನ್ನೋ ‘ಸರ್’, ‘ಮಿಸ್ಟರ್’, ‘ಜಡ್ಜ್’ ಅಂತ ಕರೀತಾ ಕತೆ ಹೇಳ್ತಾವೆ.

ಮೊದಲ ಹಾಡಲ್ಲಿ ಕೊಲೆಗಾರ ‘ಸರ್’ ಅಂತಾನೆ. ‘ಜಾನಿ 99’ರಲ್ಲಿ ಜಾನಿ ಮಾತಾಡೋದು ತನಗೆ ಶಿಕ್ಷೆ ಕೊಟ್ಟ ಜಡ್ಜ್ ಹತ್ತಿರ. ‘ಸ್ಟೇಟ್ ಟ್ರೂಪರ್’ನಲ್ಲಿ ಲೈಸೆನ್ಸ್ ಇಲ್ಲದೆ ರಾತ್ರಿ ಹೊತ್ತು ಗಾಡಿ ಓಡಿಸ್ತಿರೋ ಒಬ್ಬ, ದಯವಿಟ್ಟು ನನ್ನ ನಿಲ್ಲಿಸಬೇಡಿ ಅಂತ ಎದುರಿಗೇ ಇಲ್ಲದ ಪೊಲೀಸನ್ನ ಬೇಡ್ಕೋತಾನೆ. ‘ಹೈವೇ ಪೆಟ್ರೋಲ್‌ಮನ್’ನಲ್ಲಿ ಪೊಲೀಸನೇ ಕತೆ ಹೇಳೋದು. ಅವನೂ ಸಾಕ್ಷಿ ಹೇಳಿಕೆ ಕೊಡೋ ಹಾಗೆ ಹೆಸರು, ಕೆಲಸ ಹೇಳಿಕೊಂಡೇ ಶುರು ಮಾಡ್ತಾನೆ.

ನಮ್ಮಲ್ಲೇ ಯೋಚನೆ ಮಾಡಿ. ಫ್ರೆಂಡ್‌ಗೆ ‘ಮಗಾ’ ಅಂತೀವಿ. ಪಕ್ಕದ ಮನೆಯವರಿಗೆ ‘ಅಣ್ಣಾ’, ‘ಅಕ್ಕಾ’. ‘ಸರ್’ ಯಾರಿಗೆ? ಕೌಂಟರ್ ಆಚೆ ಕೂತವರಿಗೆ, ಲಾಠಿ ಹಿಡಿದವರಿಗೆ, ಸಹಿ ಹಾಕೋವರಿಗೆ. ಒಬ್ಬ ಮನುಷ್ಯ ತನ್ನ ಜೀವನದ ಅತಿ ಖಾಸಗಿ ಮಾತನ್ನ ‘ಸರ್’ಗೆ ಹೇಳ್ತಿದ್ದಾನೆ ಅಂದರೆ, ಅವನಿಗೆ ‘ಮಗಾ’ ಅಂತ ಕರೆಯೋಕೆ ಯಾರೂ ಉಳಿದಿಲ್ಲ ಅಂತ. ಈ ಹಾಡುಗಳಲ್ಲಿ ‘ನಾನು ಒಂಟಿ’ ಅಂತ ಅಳೋರಿಲ್ಲ. ಕರೆಯೋ ರೀತಿಯಲ್ಲೇ ಅದು ಗೊತ್ತಾಗುತ್ತೆ.

ಸಾಲದ ಲೆಕ್ಕ

ನಾನು ಬಿಕಾಂ ಓದಿದವನು, ಹಾಗಾಗಿ ದುಡ್ಡಿನ ವಿಷಯ ಬಿಡೋಕಾಗಲ್ಲ. ‘ಅಟ್ಲಾಂಟಿಕ್ ಸಿಟಿ’, ‘ಜಾನಿ 99’ ಎರಡರಲ್ಲೂ ಪ್ರಾಮಾಣಿಕನಾದವನು ತೀರಿಸೋಕಾಗದ ಸಾಲದ ಮಾತು, ಹೆಚ್ಚು ಕಡಿಮೆ ಅದೇ ಪದಗಳಲ್ಲಿ, ಬರುತ್ತೆ. ಎರಡು ಬೇರೆ ಮನುಷ್ಯರು, ಬಾಯಲ್ಲಿ ಒಂದೇ ವಾಕ್ಯ.

ಇದು ಕಲ್ಪನೆ ಮಾತ್ರ ಅಲ್ಲ. ಜಾನಿ ಕೆಲಸ ಕಳ್ಕೊಳ್ಳೋದು ನ್ಯೂಜೆರ್ಸಿಯ ಮಾವಾದಲ್ಲಿದ್ದ ಕಾರ್ ಫ್ಯಾಕ್ಟರಿ ಮುಚ್ಚಿದಾಗ. ಅಲ್ಲಿದ್ದ ಫೋರ್ಡ್ ಕಾರ್ಖಾನೆ 1980ರಲ್ಲಿ ನಿಜವಾಗಲೂ ಮುಚ್ಚಿತ್ತು. 1982ರ ಕೊನೆಗೆ ಅಮೆರಿಕದ ನಿರುದ್ಯೋಗ ಶೇ 10.8 ಮುಟ್ಟಿತ್ತು. ಹಾಡಲ್ಲಿ ಕೆಲಸ ಹೋಗುತ್ತೆ, ಬ್ಯಾಂಕ್ ಮನೆ ಮೇಲೆ ಕಣ್ಣಿಡುತ್ತೆ, ಕುಡಿತ, ಕೈಗೆ ಗನ್. ‘ಹೈವೇ ಪೆಟ್ರೋಲ್‌ಮನ್’ನ ಅಣ್ಣ ಪೊಲೀಸ್ ಆಗಿದ್ದೇ ಗೋಧಿ ಬೆಲೆ ಬಿದ್ದು ಹೊಲ ಕೈಬಿಟ್ಟಿದ್ದರಿಂದ. ಕೊನೆಗೆ ತಪ್ಪು ಮಾಡಿ ಓಡ್ತಿರೋ ಸ್ವಂತ ತಮ್ಮನ ಕಾರ್ ಕೆನಡಾ ಗಡಿ ಕಡೆ ಹೋಗೋದನ್ನ, ತನ್ನ ಗಾಡಿ ಬದಿಗೆ ನಿಲ್ಲಿಸಿ, ನೋಡ್ತಾ ನಿಲ್ತಾನೆ.

ಒಂಟಿತನ ಅಂದರೆ ಸ್ವಭಾವ, ‘ಅವನು ಇಂಟ್ರೋವರ್ಟ್ ಕಣೋ’ ಅಂತ ನಾವು ಹೇಳಿಬಿಡ್ತೀವಿ. ಈ ಆಲ್ಬಮ್ ಲೆಕ್ಕದ ಪುಸ್ತಕ ತೆಗೆದು ತೋರಿಸುತ್ತೆ: ಮೊದಲು ಕೆಲಸ ಹೋಯ್ತು, ಆಮೇಲೆ ಮನೆ, ಆಮೇಲೆ ಜನ.

ಅಪ್ಪನ ಮನೆ

ಇದು ಬೇರೆಯವರ ಕತೆಗಳಾದರೆ ಇದನ್ನ ವೈಯಕ್ತಿಕ ಆಲ್ಬಮ್ ಅಂತ ಯಾಕೆ ಕರೀತಾರೆ? ಉತ್ತರ ‘ಯೂಸ್ಡ್ ಕಾರ್ಸ್’ ಮತ್ತು ‘ಮೈ ಫಾದರ್ಸ್ ಹೌಸ್’ನಲ್ಲಿದೆ.

ಸ್ಪ್ರಿಂಗ್‌ಸ್ಟೀನ್ ಅವರ ಅಪ್ಪ ಡಗ್ಲಸ್ ಒಂದು ಕೆಲಸದಿಂದ ಇನ್ನೊಂದಕ್ಕೆ ಅಲೆದವರು, ಮನೆಯಲ್ಲಿ ಮಾತೇ ಆಡದೆ ಕತ್ತಲಲ್ಲಿ ಕೂರ್ತಿದ್ದವರು. ಮಾನಸಿಕ ಕಾಯಿಲೆ ಇತ್ತು ಅನ್ನೋದು ತುಂಬಾ ತಡವಾಗಿ ಗೊತ್ತಾಯ್ತು. ‘ಯೂಸ್ಡ್ ಕಾರ್ಸ್’ನಲ್ಲಿ ಕುಟುಂಬ ಸೆಕೆಂಡ್ ಹ್ಯಾಂಡ್ ಕಾರ್ ತಗೊಳ್ಳೋಕೆ ಹೋಗುತ್ತೆ. ಸೇಲ್ಸ್‌ಮನ್ ಅಪ್ಪನ ಕೈಗಳನ್ನೇ ದಿಟ್ಟಿಸ್ತಾನೆ. ದುಡಿದ ಕೈ ಅದು. ಮಗ ಅದನ್ನ ನೋಡಿಬಿಡ್ತಾನೆ. ಅಷ್ಟೇ ಹಾಡು. ಅಪ್ಪನ ಜೊತೆ ಅಂಗಡಿಗೆ ಹೋಗಿ, ರೇಟ್ ಕೇಳಿ ಅಪ್ಪ ಸುಮ್ಮನಾಗೋದನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

‘ಮೈ ಫಾದರ್ಸ್ ಹೌಸ್’ನಲ್ಲಿ ಕನಸು ಬಿದ್ದು ಎದ್ದ ಮಗ ಅಪ್ಪನ ಮನೆಗೆ ಹೋಗ್ತಾನೆ. ಬಾಗಿಲು ತೆಗೆದ ಅಪರಿಚಿತ ಹೆಂಗಸು, ಆ ಹೆಸರಿನವರು ಈಗ ಇಲ್ಲಿ ಇಲ್ಲ ಅಂತಾಳೆ. 1990ರಲ್ಲಿ ಒಂದು ಕಾರ್ಯಕ್ರಮದಲ್ಲಿ ಸ್ಪ್ರಿಂಗ್‌ಸ್ಟೀನ್ ಇದರ ಹಿಂದಿನ ವಿಷಯ ಹೇಳಿದ್ರು. ಬಾಲ್ಯದ ಮನೆಗಳ ಮುಂದೆ ರಾತ್ರಿ ಹೊತ್ತು ಸುಮ್ಮನೆ ಕಾರ್ ಓಡಿಸೋ ಅಭ್ಯಾಸ ಅವರಿಗಿತ್ತಂತೆ. ಯಾಕೆ ಅಂತ ಮನೋವೈದ್ಯರನ್ನ ಕೇಳಿದ್ರು. ಅಲ್ಲಿ ಏನೋ ಕೆಟ್ಟದ್ದು ಆಗಿದೆ, ಅದನ್ನ ಸರಿ ಮಾಡಬಹುದಾ ಅಂತ ನೋಡೋಕೆ ಹೋಗ್ತಿದ್ದೀರಿ, ಆದರೆ ಅದು ಆಗಲ್ಲ ಅನ್ನೋದು ವೈದ್ಯರ ಉತ್ತರದ ಸಾರಾಂಶ.

ಬ್ಯಾಂಡ್ ಸೋತಿದ್ದು ಇಲ್ಲಿ

ಇ ಸ್ಟ್ರೀಟ್ ಬ್ಯಾಂಡ್ ಜೊತೆ ನ್ಯೂಯಾರ್ಕ್‌ನ ಪವರ್ ಸ್ಟೇಷನ್ ಸ್ಟುಡಿಯೋದಲ್ಲಿ ಈ ಹಾಡುಗಳನ್ನ ಮತ್ತೆ ರೆಕಾರ್ಡ್ ಮಾಡಿ ನೋಡಿದ್ರು. ಬ್ಯಾಂಡ್ ಚೆನ್ನಾಗೇ ನುಡಿಸಿತ್ತು. ಆದರೆ ಪಕ್ಕದಲ್ಲಿ ಇಷ್ಟು ಜನ ಇದ್ದ ಮೇಲೆ ಆ ಮನುಷ್ಯ ಒಂಟಿ ಅಂತ ಯಾರು ನಂಬ್ತಾರೆ? ಜೇಬಲ್ಲಿದ್ದ ಕ್ಯಾಸೆಟ್ಟನ್ನೇ ರಿಲೀಸ್ ಮಾಡೋದು ಅಂತ ತೀರ್ಮಾನ ಆಯ್ತು. ಅದನ್ನ ರೆಕಾರ್ಡ್‌ಗೆ ಇಳಿಸೋಕೆ ಎಂಜಿನಿಯರ್‌ಗಳು ಹರಸಾಹಸ ಮಾಡಬೇಕಾಯ್ತು. 1982ರ ಸೆಪ್ಟೆಂಬರ್ 30ಕ್ಕೆ ಬಂತು. ಟೂರ್ ಇಲ್ಲ, ಮುಖಪುಟದಲ್ಲಿ ಅವರ ಫೋಟೊ ಇಲ್ಲ. ಗಾಡಿಯ ಗಾಜಿನಿಂದ ಕಾಣೋ ಖಾಲಿ ರಸ್ತೆ, ಕಪ್ಪು ಬಿಳುಪಲ್ಲಿ. ಆದರೂ ಚಾರ್ಟ್‌ನಲ್ಲಿ ಮೂರನೇ ಸ್ಥಾನ.

ಕ್ಯಾಸೆಟ್‌ಗೆ ಹಾಡಿದ್ದ ಇನ್ನೊಂದು ಹಾಡು ‘ಬಾರ್ನ್ ಇನ್ ದ ಯು.ಎಸ್.ಎ.’ ಅದನ್ನ ಬ್ಯಾಂಡ್ ಎತ್ತಿಹಿಡೀತು. 1984ರಲ್ಲಿ ಅದೇ ಹೆಸರಿನ ಆಲ್ಬಮ್ ಅವರನ್ನ ಜಗತ್ತಿಗೇ ಪರಿಚಯ ಮಾಡ್ತು.

ಆಮೇಲೆ ಏನಾಯ್ತು?

ಆಲ್ಬಮ್ ಮಾಡಿದ್ದರಿಂದ ಅವರ ನೋವು ಕಮ್ಮಿ ಆಯ್ತು ಅಂತ ಹೇಳೋಕೆ ನನಗೂ ಆಸೆ. ಹಾಗಾಗಲಿಲ್ಲ. ಕೆಲಸ ಮುಗಿದ ಮೇಲೆ ಸ್ನೇಹಿತನ ಜೊತೆ ಕಾರಲ್ಲಿ ಲಾಸ್ ಏಂಜಲೀಸ್ ಕಡೆ ಹೊರಟ್ರು. ದಾರಿಯಲ್ಲಿ ಟೆಕ್ಸಸ್‌ನ ಒಂದು ಸಣ್ಣ ಊರಲ್ಲಿ ಸಂಜೆ ಜಾತ್ರೆ ನಡೀತಿತ್ತು, ಜನ ಕುಣೀತಿದ್ದರು. ಅದನ್ನ ದೂರದಿಂದ ನೋಡ್ತಾ, ನಾನು ಯಾವತ್ತೂ ಹೊರಗೆ ನಿಂತು ನೋಡೋನೇ ಅನ್ನಿಸಿ ಕುಸಿದುಹೋದ್ರು. ಇದನ್ನ ಅವರೇ 2016ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಲಾಸ್ ಏಂಜಲೀಸ್ ತಲುಪಿ ಮ್ಯಾನೇಜರ್ ಜಾನ್ ಲ್ಯಾಂಡೌಗೆ ಫೋನ್ ಮಾಡಿದ್ರು. ಲ್ಯಾಂಡೌ ಸಹಾಯದಿಂದ ಥೆರಪಿ ಶುರುವಾಯ್ತು, ಅದು ಎಷ್ಟೋ ವರ್ಷ ನಡೀತು.

ಈ ಆಲ್ಬಮ್‌ನ ಪಾತ್ರಗಳಿಗೆ ಆ ಒಂದು ಫೋನ್ ನಂಬರ್ ಇರಲಿಲ್ಲ. ಹಾಡಿದವರಿಗೆ ಇತ್ತು. ನನ್ನ ಪ್ರಕಾರ ವ್ಯತ್ಯಾಸ ಇರೋದು ಅಲ್ಲೇ. ಕೇಳ್ತಿರೋ ನಿಮ್ಮಲ್ಲಿ ಯಾರಿಗಾದರೂ ಈಗ ಫೋನ್ ಮಾಡೋಕೆ ಯಾರೂ ಇಲ್ಲ ಅನ್ನಿಸ್ತಿದ್ದರೆ 14416 ಬರ್ಕೊಳ್ಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಕೇಳೋಕೆ ಎಲ್ಲಿಂದ ಶುರು ಮಾಡೋದು? ಮೊದಲು ‘ಅಟ್ಲಾಂಟಿಕ್ ಸಿಟಿ’, ಆಮೇಲೆ ‘ಹೈವೇ ಪೆಟ್ರೋಲ್‌ಮನ್’, ಆಮೇಲೆ ಪೂರ್ತಿ ಆಲ್ಬಮ್ ಒಂದೇ ಸಲ. ಶಫಲ್ ಆಫ್ ಇರಲಿ. ಇಷ್ಟ ಆದರೆ 2025ರ ಅಕ್ಟೋಬರ್‌ನಲ್ಲಿ ಬಂದ ವಿಸ್ತೃತ ಆವೃತ್ತಿಯಲ್ಲಿ ಬ್ಯಾಂಡ್ ಜೊತೆಗಿನ ರೆಕಾರ್ಡಿಂಗೂ ಇದೆ, ಎರಡನ್ನೂ ಹೋಲಿಸಿ. ಅದೇ ತಿಂಗಳು ಈ ಆಲ್ಬಮ್ ಹುಟ್ಟಿದ ಕತೆ ‘ಡೆಲಿವರ್ ಮಿ ಫ್ರಮ್ ನೋವೇರ್’ ಸಿನಿಮಾ ಕೂಡ ಆಗಿ ಬಂತು. ಆದರೆ ಮೊದಲು ಕ್ಯಾಸೆಟ್ ಕೇಳಿ.

ಕೇಳಿದ ಮೇಲೆ ಯಾವ ಹಾಡು ತಟ್ಟಿತು ಅಂತ ನನಗೆ ಬರೆದು ತಿಳಿಸಿ. ‘ಸರ್’ ಅಂತ ಮಾತ್ರ ಶುರು ಮಾಡಬೇಡಿ. ಮುಂದಿನ ವಾರ ಸಿಗೋಣ.