ನಿತ್ಯಜೀವನದಲ್ಲಿ ಪ್ರಾರ್ಥನೆ



ಮನುಷ್ಯನು ದೇವರೊಡನೆ ಆಡುವ ಮಾತಿಗೆ ನಮ್ಮ ಭಾಷೆಯಲ್ಲಿ ಹಲವು ಹೆಸರುಗಳಿವೆ. ಸಂಕಟದಲ್ಲಿ ಕೂಗಿಕೊಂಡರೆ ಅದು ಮೊರೆ. ವಿನಯದಿಂದ ನಿವೇದಿಸಿಕೊಂಡರೆ ಬಿನ್ನಹ. ಇದನ್ನು ನಡೆಸಿಕೊಟ್ಟರೆ ಅದನ್ನು ಸಲ್ಲಿಸುತ್ತೇನೆಂದು ಮಾತು ಕೊಟ್ಟರೆ ಹರಕೆ. ಸಂಸ್ಕೃತದಿಂದ ಬಂದ ಪ್ರಾರ್ಥನೆ ಎಂಬ ಶಬ್ದಕ್ಕೂ ಬೇಡುವುದು ಎಂದೇ ಮೂಲದ ಅರ್ಥ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಕನ್ನಡ ಪಾಠ ಹೇಳಿದ ನಾನು ಈ ಪದಗಳ ವ್ಯತ್ಯಾಸವನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ಪದದ ಅರ್ಥವನ್ನು ಬಲ್ಲೆನೆಂದ ಮಾತ್ರಕ್ಕೆ ವಸ್ತುವನ್ನು ಬಲ್ಲೆನೆಂದು ಹೇಳುವಂತಿಲ್ಲ. ಪ್ರಾರ್ಥನೆಯೆಂದರೇನೆಂಬುದು ನನಗೆ ಅಷ್ಟಿಷ್ಟು ತಿಳಿದದ್ದು ನಿಘಂಟಿನಿಂದಲ್ಲ. ಹೊಸನಗರ ತಾಲ್ಲೂಕಿನ ಒಂದು ಹುಲ್ಲುಹೊದಿಕೆಯ ಮನೆಯಲ್ಲಿ, ನನ್ನ ತಾಯಿಯ ಪಕ್ಕದಲ್ಲಿ ಮೊಣಕಾಲೂರಿದ್ದ ಸಂಜೆಗಳಿಂದ. ಕ್ರೈಸ್ತರ ದಿನನಿತ್ಯದ ಬದುಕಿನಲ್ಲಿ ಮನಃಪೂರ್ವಕವಾದ ಪ್ರಾರ್ಥನೆಗೆ ಏನು ಕೆಲಸ ಎಂಬುದನ್ನು ಆ ಮನೆಯ ಮೂಲಕವೇ ಹೇಳಲು ಯತ್ನಿಸುತ್ತೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕ್ರೈಸ್ತರು ಸಂಖ್ಯೆಯಲ್ಲಿ ಅಲ್ಪರು. ಒಂದೇ ಬಗೆಯವರೂ ಅಲ್ಲ. ಅಡಕೆತೋಟದ ಕೆಲಸಕ್ಕೆಂದು, ಬೇಸಾಯಕ್ಕೆಂದು ಘಟ್ಟದ ಕೆಳಗಿನ ಕನ್ನಡ ಜಿಲ್ಲೆಗಳಿಂದ ಹತ್ತಿ ಬಂದ ಕೊಂಕಣಿ ಮಾತಿನ ಕೆಥೊಲಿಕರಿದ್ದಾರೆ. ಇವರು ಸೇರಿದ ಶಿವಮೊಗ್ಗ ಧರ್ಮಪ್ರಾಂತ 1988ರಲ್ಲಿ ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನದಲ್ಲಿ ಕೆಲಸಮಾಡಿದ ವೆಸ್ಲಿಯನ್ ಮಿಷನ್ನಿನ ಪರಂಪರೆಗೆ ಸೇರಿ, 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಒಂದಾದ ಪ್ರಾಟೆಸ್ಟಂಟರಿದ್ದಾರೆ. ಕೇರಳದಿಂದ ಬಂದು ಕಾಡಂಚಿನಲ್ಲಿ ನೆಲೆನಿಂತ ಸಿರಿಯನ್ ಕ್ರೈಸ್ತರಿದ್ದಾರೆ. ಅವರಲ್ಲಿ ಸಿರೋ-ಮಲಬಾರ್ ಸಭೆಯವರಿಗಾಗಿ 2007ರಲ್ಲಿ ಭದ್ರಾವತಿಯಲ್ಲಿ ಬೇರೆ ಧರ್ಮಪ್ರಾಂತವೇ ಆಯಿತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ತೀರ್ಥಹಳ್ಳಿ ಸೀಮೆಯ ಪಾದ್ರಿ ಜೀವರತ್ನಯ್ಯನ ನೆನಪಿರಬಹುದು. ನಮ್ಮ ಕಡೆಯ ಓದುಗರು ಕ್ರೈಸ್ತರನ್ನು ಕಂಡದ್ದು ಹೆಚ್ಚಾಗಿ ಹೀಗೆ, ಪಾದ್ರಿ ಮತ್ತು ಮಿಷನ್ ಶಾಲೆಗಳ ಮೂಲಕ. ಆದರೆ ಕ್ರೈಸ್ತನ ಬಾಳು ನಿಂತಿರುವುದು ಭಾನುವಾರದ ಬೋಧೆಯ ಮೇಲೆ ಮಾತ್ರವಲ್ಲ. ಉಳಿದ ಆರು ದಿನಗಳ ಸಂಜೆಯ ಮೇಲೆ.

ನಮ್ಮ ಹಳ್ಳಿಯಲ್ಲಿ ಇಗರ್ಜಿ ಇರಲಿಲ್ಲ. ಪೇಟೆಯಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಬಾರಿಸುತ್ತಿದ್ದ ಪ್ರಾರ್ಥನೆಯ ಗಂಟೆ ನಮಗೆ ಕೇಳುತ್ತಿರಲಿಲ್ಲ. ದನಗಳು ಕೊಟ್ಟಿಗೆ ಸೇರಿದ ಮೇಲೆ ತಾಯಿ ಕೈಕಾಲು ತೊಳೆದು ಚಿಮಣಿದೀಪ ಹಚ್ಚಿದಳೆಂದರೆ ಅದೇ ಗಂಟೆ. ಕೊಂಕಣಿಯಲ್ಲಿ ತೇರ್ಸ್ ಎಂದು ಕರೆಯುವ ಜಪಸರದ ಪ್ರಾರ್ಥನೆ ಆರಂಭವಾಗುತ್ತಿತ್ತು. ಹತ್ತು ಮಣಿಗಳ ಐದು ಭಾಗ. ಮೊದಲಿನ ಮೂರು ಸೇರಿ ಮರಿಯಮ್ಮನವರಿಗೆ 53 ನಮನ. ಪ್ರತಿ ಭಾಗದೊಡನೆ ಯೇಸುಸ್ವಾಮಿಯ ಜೀವನದ ಒಂದೊಂದು ಘಟನೆಯನ್ನು ಧ್ಯಾನಿಸಬೇಕೆಂಬುದು ಕ್ರಮ. ಹೊರಗೆ ಜಡಿಮಳೆ, ಒಳಗೆ ಹೊಗೆ, ಹೊಟ್ಟೆಯಲ್ಲಿ ಹಸಿವು. ನಾವು ಮಕ್ಕಳು ತೂಕಡಿಸುತ್ತಿದ್ದೆವು. ನಾಲಗೆ ಒಂದು ಹೇಳುತ್ತಿದ್ದರೆ ಮನಸ್ಸು ಒಲೆಯ ಮೇಲಿನ ಗಂಜಿಯ ಕಡೆಗಿರುತ್ತಿತ್ತು.

ಇದೇನು ಪ್ರಾರ್ಥನೆ, ಬರಿಯ ಪುನರುಕ್ತಿ ಎಂದು ಕೇಳುವವರುಂಟು. ಪ್ರಾಟೆಸ್ಟಂಟ್ ಮನೆಗಳಲ್ಲಿ ಜಪಸರವಿಲ್ಲ. ಅಲ್ಲಿ ಬೈಬಲ್ಲಿನ ಒಂದು ಅಧ್ಯಾಯವನ್ನು ಓದಿ, ಒಂದು ಕೀರ್ತನೆ ಹಾಡಿ, ಮನೆಯ ಹಿರಿಯನು ಆ ದಿನದ ಸುಖದುಃಖಗಳನ್ನು ತನ್ನದೇ ಮಾತಿನಲ್ಲಿ ನಿವೇದಿಸುತ್ತಾನೆ. ಎರಡು ಕ್ರಮಗಳಿಗೂ ಅವುಗಳದೇ ಅಪಾಯವಿದೆ. ಕಂಠಪಾಠದ ಮಾತು ಯಾಂತ್ರಿಕವಾಗಬಹುದು. ಸ್ವಂತ ಮಾತು ಭಾಷಣವಾಗಬಹುದು. ಯೇಸು ಈ ಎರಡನ್ನೂ ಬಲ್ಲವನಾಗಿದ್ದನು. ಅನ್ಯರ ಕಣ್ಣಿಗೆ ಬೀಳಬೇಕೆಂದು ಬೀದಿಯಲ್ಲಿ ನಿಂತು ಪ್ರಾರ್ಥಿಸುವವರನ್ನೂ, ಮಾತು ಬೆಳಸಿದರೆ ದೇವರು ಕೇಳುವನೆಂದು ನಂಬಿದವರನ್ನೂ ಅವನು ಒಟ್ಟಿಗೇ ಎಚ್ಚರಿಸಿದನು. ಹಾಗಾದರೆ ಪ್ರಾರ್ಥನೆಯ ಮನಃಪೂರ್ವಕತೆಯನ್ನು ಅಳೆಯುವುದು ಹೇಗೆ? ಧ್ವನಿಯಿಂದಲೆ? ಕಣ್ಣೀರಿನಿಂದಲೆ?

ನಮ್ಮ ಮನೆಯಲ್ಲಿ ಇದಕ್ಕೆ ಒಂದು ಅಳತೆಗೋಲಿತ್ತು. ತೇರ್ಸ್ ಮುಗಿದೊಡನೆ ಮಕ್ಕಳು ವಯಸ್ಸಿನ ಕ್ರಮದಲ್ಲಿ ಎದ್ದು, ಹಿರಿಯರೊಬ್ಬೊಬ್ಬರ ಮುಂದೆಯೂ ಕೈಮುಗಿದು ‘ಬೆಸಾಂವ್’ ಕೇಳಬೇಕು. ಪೋರ್ಚುಗೀಸಿನಿಂದ ಕೊಂಕಣಿಗೆ ಬಂದ ಈ ಪದಕ್ಕೆ ಆಶೀರ್ವಾದವೆಂದು ಅರ್ಥ. ಮಧ್ಯಾಹ್ನ ತಂದೆಯಿಂದ ಏಟು ತಿಂದು ಮುಖ ಊದಿಸಿಕೊಂಡಿದ್ದರೂ ಸಂಜೆ ಅವರ ಮುಂದೆ ನಿಲ್ಲಲೇಬೇಕು. ಅವರೂ, ಕೋಪವಿದ್ದರೂ, ಹರಸಲೇಬೇಕು. ಜಗಳವನ್ನು ಉಳಿಸಿಕೊಂಡು ಮಲಗುವುದು ಆ ಮನೆಯಲ್ಲಿ ಕಷ್ಟವಾಗಿತ್ತು. ಮುಂದೆ ಕನ್ನಡ ಓದುವಾಗ ನನಗೊಂದು ವಿಷಯ ಕಂಡು ಬೆರಗಾಯಿತು. ಹರಕೆ ಎಂಬ ನಮ್ಮ ಪದಕ್ಕೆ ದೇವರಿಗೆ ಕೊಡುವ ಮಾತು ಎಂಬ ಅರ್ಥವಿರುವಂತೆಯೇ ಹರಸುವುದು, ಆಶೀರ್ವಾದ ಎಂಬ ಅರ್ಥವೂ ಇದೆ. ದೇವರ ಕಡೆಗೆ ಏರುವ ಮಾತೂ ನೆರೆಯವನ ಕಡೆಗೆ ಹೋಗುವ ಮಾತೂ ಒಂದೇ ಪದದಲ್ಲಿ ಕುಳಿತಿವೆ. ನನ್ನ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ತೇರ್ಸ್‌ಗೂ ಬೆಸಾಂವ್‌ಗೂ ನಡುವೆ ಅವಳು ಅರೆಗಳಿಗೆಯ ವಿರಾಮವನ್ನೂ ಕೊಡುತ್ತಿರಲಿಲ್ಲ.

ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ರಚನೆಯೂ ಇದನ್ನೇ ಹೇಳುತ್ತದೆ. ಎಲ್ಲ ಪಂಥದ ಕ್ರೈಸ್ತರೂ ಹೇಳುವ ಈ ಪುಟ್ಟ ಪ್ರಾರ್ಥನೆ ಹೊಸ ಒಡಂಬಡಿಕೆಯಲ್ಲಿ ಮತ್ತಾಯನ ಸುವಾರ್ತೆಯಲ್ಲಿಯೂ ಲೂಕನ ಸುವಾರ್ತೆಯಲ್ಲಿಯೂ ಬರುತ್ತದೆ. ಮೊದಲ ಭಾಗ ದೇವರ ನಾಮ, ದೇವರ ರಾಜ್ಯ, ದೇವರ ಚಿತ್ತಗಳನ್ನು ಕುರಿತದ್ದು. ಆಮೇಲೆ ಬರುವುದು ನಮ್ಮ ಬೇಡಿಕೆ. ಅದೂ ಎಷ್ಟು? ಆ ದಿನಕ್ಕೆ ಬೇಕಾದ ಆಹಾರ, ಕಣಜ ತುಂಬುವಷ್ಟಲ್ಲ. ಬಳಿಕ ಕ್ಷಮೆ, ಅದಕ್ಕೆ ಮಾತ್ರ ಒಂದು ಕರಾರು ಅಂಟಿಕೊಂಡಿದೆ: ನಾವು ಇತರರನ್ನು ಕ್ಷಮಿಸಿದ ಅಳತೆಯಲ್ಲಿಯೇ ನಮ್ಮನ್ನು ಕ್ಷಮಿಸಬೇಕೆಂದು ನಾವೇ ಕೇಳಿಕೊಳ್ಳುತ್ತೇವೆ. ವ್ಯಾಕರಣದ ಮೇಷ್ಟರಾಗಿ ಇನ್ನೊಂದನ್ನು ಗಮನಿಸಿದ್ದೇನೆ. ಇಡೀ ಪ್ರಾರ್ಥನೆಯಲ್ಲಿ ಉತ್ತಮ ಪುರುಷ ಏಕವಚನ ಒಮ್ಮೆಯೂ ಬರುವುದಿಲ್ಲ. ಎಲ್ಲವೂ ನಾವು, ನಮ್ಮ, ನಮಗೆ. ಬಾಗಿಲು ಮುಚ್ಚಿಕೊಂಡು ಒಂಟಿಯಾಗಿ ಪ್ರಾರ್ಥಿಸುವವನು ಕೂಡ ಊರನ್ನೆಲ್ಲ ಕೋಣೆಯೊಳಗೆ ಕರೆದುಕೊಂಡೇ ಪ್ರಾರ್ಥಿಸಬೇಕು.

ಎಡೆಬಿಡದೆ ಬೇಡಬೇಕೆಂಬುದಕ್ಕೆ ಯೇಸು ಹೇಳಿದ ಒಂದು ಸಾಮತಿ ಲೂಕನ ಸುವಾರ್ತೆಯಲ್ಲಿದೆ. ದೇವರಿಗೂ ಹೆದರದ, ಮನುಷ್ಯರನ್ನೂ ಲೆಕ್ಕಿಸದ ಒಬ್ಬ ನ್ಯಾಯಾಧಿಪತಿ; ನ್ಯಾಯ ಕೊಡಿಸೆಂದು ದಿನವೂ ಬಂದು ಕಾಡುವ ಒಬ್ಬ ವಿಧವೆ. ಕೊನೆಗೆ ಅವನು ಬೇಸತ್ತು ನ್ಯಾಯ ಕೊಡುತ್ತಾನೆ. ಇದನ್ನು ಓದುವಾಗಲೆಲ್ಲ ನನಗೆ ಶರಾವತಿಯ ಹಿನ್ನೀರಿನ ಜನ ನೆನಪಾಗುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಮುಳುಗಿದವು. ಉಳಿದ ಊರುಗಳಲ್ಲಿ ಕೆಲವು ದ್ವೀಪಗಳಂತಾದವು. ತುಮರಿ ಕಡೆಯವರು ಲಾಂಚನ್ನೇ ನಂಬಿ ಬದುಕಿದರು, ಸೇತುವೆ ಬೇಕೆಂದು ದಶಕಗಳ ಕಾಲ ಕೇಳಿದರು. ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ಕೇಳುವುದನ್ನು ಬಿಡದಿರುವುದೆಂದರೆ ಏನೆಂದು ಆ ಜನಕ್ಕೆ ಯಾರೂ ಬೋಧಿಸಬೇಕಾಗಿಲ್ಲ. ಆದರೆ ಸಾಮತಿಯ ತಾತ್ಪರ್ಯ ದೇವರು ಆ ನ್ಯಾಯಾಧಿಪತಿಯಂಥವನು ಎಂದಲ್ಲ. ಅಂಥ ಕಲ್ಲೆದೆಯವನೇ ಕೇಳಿದ ಮೇಲೆ ತಂದೆಯಾದವನು ಕೇಳನೆ ಎಂಬುದು. ಮತ್ತೆ ಮತ್ತೆ ಬೇಡುವುದು ದೇವರಿಗೆ ಮರೆವೆಂದಲ್ಲ. ಬೇಡುವವನಿಗೆ ತನ್ನ ಬೇಡಿಕೆ ಎಂಥದೆಂದು ಮನದಟ್ಟಾಗಲೆಂದು. ಹತ್ತು ದಿನ ಬೇಡಿದ ಮೇಲೂ ಬೇಡಲು ಯೋಗ್ಯವೆನಿಸುವ ಬೇಡಿಕೆಗಳು ಬಹಳ ಇರುವುದಿಲ್ಲ.

ಹಾಗೆ ಬೇಡಿಯೂ ಸಿಗದಿದ್ದರೆ? ಇಲ್ಲಿ ನಾನು ಪುಸ್ತಕವನ್ನು ಮುಚ್ಚಿಟ್ಟು ಮಾತನಾಡಬೇಕು. 1968ರ ಆಷಾಢ, ನನಗೆ ಹತ್ತು ವರ್ಷ. ನನ್ನ ಕಿರಿಯ ತಮ್ಮನಿಗೆ ಜ್ವರವೇರಿತು. ವೈದ್ಯರಿದ್ದದ್ದು ಹಿನ್ನೀರಿನ ಆಚೆ. ತಂದೆ ಕತ್ತಲೆಯಲ್ಲಿ ದಡಕ್ಕೆ ಹೋಗಿ ದೋಣಿಯವನನ್ನು ಕೂಗಿ ಕೂಗಿ ಬಂದರು. ಗಾಳಿಮಳೆಯ ಆ ರಾತ್ರಿ ಅವನು ದೋಣಿ ಬಿಡಲಿಲ್ಲ. ತಾಯಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನವರೆಗೂ ಪ್ರಾರ್ಥಿಸಿದಳು. ಅದಕ್ಕಿಂತ ಮನಃಪೂರ್ವಕವಾದ ಪ್ರಾರ್ಥನೆಯನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ. ಕೋಳಿ ಕೂಗುವ ಮೊದಲೇ ತಮ್ಮ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಸಂಜೆ ತಾಯಿ ಎಂದಿನಂತೆ ದೀಪ ಹಚ್ಚಿದಳು. ನನಗೆ ಸಿಟ್ಟು, ಬಾಯಿ ತೆರೆಯಲಿಲ್ಲ. ತೇರ್ಸಿನ ಕೊನೆಗೆ ಬೇಕಾದವರ ಹೆಸರು ಹಿಡಿದು ಪ್ರಾರ್ಥಿಸುವ ವಾಡಿಕೆಯಿತ್ತು. ಅಂದು ಅವಳು ತಮ್ಮನ ಹೆಸರು ಹೇಳಿದಳು. ಆಮೇಲೆ ದೋಣಿಯವನ ಹೆಸರನ್ನೂ ಹೇಳಿದಳು. ತಂದೆ ದಡಕ್ಕನೆ ಎದ್ದು ಹೊರಗೆ ಹೋದರು. ಮರುದಿನವೂ ಹೇಳಿದಳು. ಆ ಮಳೆಗಾಲವೆಲ್ಲ ಹೇಳಿದಳು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ಮನೆಗೆ ಬಂದ ದಿನ ದೋಣಿಯವನು ತಾನಾಗಿ ಬಂದು ಜಗಲಿಯ ಮೇಲೆ ತಲೆತಗ್ಗಿಸಿ ಕುಳಿತ. ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಒಳಗೆ ಹೋಗಿ ಅವನಿಗೆ ಊಟದ ಎಲೆಯನ್ನು ತಾವೇ ಹಾಕಿದರು.

ಇದು ತಮ್ಮನ ಸಾವಿಗೆ ಪರಿಹಾರವೆಂದು ನಾನು ಹೇಳುತ್ತಿಲ್ಲ. ಅವನ ಜೀವವನ್ನು ಕೇಳಿದ್ದೆವು, ಅದು ಸಿಗಲಿಲ್ಲ. ಅದು ಏಕೆಂದು ಈಗಲೂ ನನಗೆ ಗೊತ್ತಿಲ್ಲ. ಎಷ್ಟೋ ವರ್ಷ ನಾನು ಸಂಜೆಯ ಪ್ರಾರ್ಥನೆಯಿಂದ ದೂರವೇ ಇದ್ದೆ. ಸಾಗರದಲ್ಲಿ ಪಾಠ ಹೇಳುತ್ತಿದ್ದಾಗ ಸಂತ ಅಗಸ್ಟೀನನ ಆತ್ಮನಿವೇದನೆಯನ್ನು ಓದಿದೆ. ಮಗನು ಸಮುದ್ರ ದಾಟಿ ರೋಮಿಗೆ ಹೋಗದಿರಲೆಂದು ಅವನ ತಾಯಿ ಮೋನಿಕಾ ಕಾರ್ತೇಜಿನ ದಡದ ಒಂದು ಗುಡಿಯಲ್ಲಿ ರಾತ್ರಿಯೆಲ್ಲ ಅತ್ತು ಬೇಡಿದಳು. ಅವನು ಅದೇ ರಾತ್ರಿ ಅವಳಿಗೆ ಸುಳ್ಳು ಹೇಳಿ ಹಡಗು ಹತ್ತಿದನು. ಆದರೆ ಆ ಪ್ರಯಾಣವೇ ಅವನನ್ನು ಮಿಲಾನಿಗೆ, ಸಂತ ಆಂಬ್ರೋಸನ ಬಳಿಗೆ ಒಯ್ದಿತು, ಕ್ರಿ.ಶ. 387ರಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಅಂದು ಬೇಡಿದ್ದನ್ನು ಕೊಡದೆ, ಎಂದಿನಿಂದಲೂ ಬೇಡುತ್ತಿದ್ದುದನ್ನು ದೇವರು ಕೊಟ್ಟನೆಂದು ಅಗಸ್ಟೀನ ಬರೆಯುತ್ತಾನೆ. ಪುಸ್ತಕ ಕೆಳಗಿಟ್ಟಾಗ ನನ್ನ ಕಣ್ಣ ಮುಂದೆ ಬಂದದ್ದು ಮಿಲಾನಲ್ಲ, ನಮ್ಮ ಜಗಲಿ. ನನ್ನ ತಾಯಿ ಎಂದಿನಿಂದಲೂ ಬೇಡುತ್ತಿದ್ದುದು ಏನು? ಮನೆಯಲ್ಲಿ ಹಗೆ ಉಳಿಯದಿರಲಿ ಎಂದಲ್ಲವೆ? ಗೆತ್ಸೆಮನೆ ತೋಟದಲ್ಲಿ ಯೇಸುವೇ ತನ್ನ ಸಂಕಟದ ಪಾತ್ರೆ ತೊಲಗಲೆಂದು ಬೇಡಿದನು; ಅದು ತೊಲಗಲಿಲ್ಲ. ಆದರೆ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಂಡು ಅವನು ಎದ್ದು ನಿಂತನು. ಕ್ರೈಸ್ತ ಪ್ರಾರ್ಥನೆಗೆ ಕೊನೆಯ ಮಾದರಿ ಅದು.

ಪ್ರಾರ್ಥಿಸಿದರೆ ಸಾಕು, ಬೇರೇನೂ ಬೇಡ ಎಂಬ ತಪ್ಪು ತಿಳುವಳಿಕೆಗೂ ಒಂದು ಮಾತು ಹೇಳಬೇಕು. ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾಯಿತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಲವರ ಜೀವ ತೆಗೆಯಿತು. ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ಮೈಗೆ ತೈಲ ಹಚ್ಚಿಕೊಳ್ಳಬೇಕೆಂದು ಆರೋಗ್ಯ ಇಲಾಖೆಯವರು ಹೇಳುತ್ತಾರೆ. ತೈಲ ಹಚ್ಚಿಕೊಂಡರೆ ನಂಬಿಕೆಗೆ ಕೊರತೆಯೆ? ಸಂತ ಯಾಕೋಬನ ಪತ್ರದಲ್ಲಿ ರೋಗಿಗಾಗಿ ಪ್ರಾರ್ಥಿಸಬೇಕೆಂದು ಹೇಳುವಲ್ಲಿಯೇ ಎಣ್ಣೆ ಹಚ್ಚಬೇಕೆಂದೂ ಇದೆ. ಆ ಕಾಲದಲ್ಲಿ ಎಣ್ಣೆ ಔಷಧವೂ ಆಗಿತ್ತು. ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನಿಗೆ ಒಳ್ಳೆಯ ಸಮಾರ್ಯದವನು ಮಾಡಿದ ಉಪಚಾರದಲ್ಲಿಯೂ ಎಣ್ಣೆಯಿದೆ. ಕೈಯಲ್ಲಿ ಆಗುವ ಕೆಲಸವನ್ನು ಬಿಟ್ಟು ಮಾಡುವ ಪ್ರಾರ್ಥನೆ ಸೋಮಾರಿತನಕ್ಕೆ ಹೊದಿಸಿದ ಶಾಲು. ನನ್ನ ತಂದೆ ದಡದಲ್ಲಿ ನಿಂತು ಕೂಗಿದ್ದೂ ಪ್ರಾರ್ಥನೆಯೇ.

ಈಗ ನಾನು ತೀರ್ಥಹಳ್ಳಿಯಲ್ಲಿ, ತುಂಗೆಯ ಹತ್ತಿರ ಇದ್ದೇನೆ. ನಾನು ಹುಡುಗನಾಗಿದ್ದಾಗ ಇಗರ್ಜಿಯ ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು; ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಕ್ರಮೇಣ ಕನ್ನಡ ಬಂತು. ಮನೆಯಲ್ಲಿ ಕೊಂಕಣಿ, ಇಗರ್ಜಿಯಲ್ಲಿ ಕನ್ನಡ. ಮೊಮ್ಮಕ್ಕಳಿಗೆ ಎರಡೂ ಅಷ್ಟಕ್ಕಷ್ಟೆ. ದಿನವೂ 53 ಮಣಿ ಎಣಿಸಲು ಅವರಿಗೆ ವ್ಯವಧಾನವಿಲ್ಲ, ನಾನೂ ಒತ್ತಾಯಿಸುವುದಿಲ್ಲ. ಹತ್ತು ಮಣಿಗಳಾದರೂ ಆಗಲಿ ಎನ್ನುತ್ತೇನೆ. ಆದರೆ ಅದು ಮುಗಿದ ಮೇಲೆ ಬೆಸಾಂವ್ ಕೇಳುವುದನ್ನು ಮಾತ್ರ ಬಿಡಗೊಡುವುದಿಲ್ಲ. ಮೊನ್ನೆ ಕಿರಿಯ ಮೊಮ್ಮಗಳು ಅಣ್ಣನೊಡನೆ ಜಗಳವಾಡಿ, ಅವನ ಮುಂದೆ ಹೋಗಲಾರೆನೆಂದು ಬಾಗಿಲ ಹಿಂದೆ ನಿಂತಿದ್ದಳು. ನಾವೆಲ್ಲ ಕಾದೆವು. ಸ್ವಲ್ಪ ಹೊತ್ತಾಯಿತು, ಬಂದಳು.