ಕಾರಿನ ಕಿಡಿಗೆ ಇಬ್ಬರು ವೈರಿಗಳು

ಜೂನ್ ತಿಂಗಳಲ್ಲಿ ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ ಮಲೆನಾಡು, ಕರಾವಳಿಗಳಲ್ಲಿ ಮಳೆಯೂ ಹಿಡಿಯುತ್ತದೆ. ರಾತ್ರಿಯಿಡೀ ಅಂಗಳದಲ್ಲಿ ನೆನೆದ ಕಾರು ಬೆಳಗ್ಗೆ ಏಳಲು ಒಲ್ಲೆ ಎನ್ನುತ್ತದೆ. ಸ್ಟಾರ್ಟರ್ ತಿರುಗುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಬ್ಯಾಟರಿಯೂ ಚೆನ್ನಾಗಿದೆ. ಆದರೂ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಕಥೆ ತದ್ವಿರುದ್ಧ. ತಂಪಿನಲ್ಲಿ ಸಲೀಸಾಗಿ ಹೊರಟ ಕಾರು ಬಿಸಿಯೇರಿದಂತೆ ಜಗ್ಗತೊಡಗುತ್ತದೆ. ಚಹಾ ಕುಡಿಯಲೆಂದು ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ!

ಇಂಥ ತೊಂದರೆಗಳಿಗೆ ಕಾರಣ ಹಲವು. ಆದರೆ ಅನುಭವಿ ಮೆಕ್ಯಾನಿಕ್ ಮೊದಲು ಅನುಮಾನಿಸುವ ಭಾಗಗಳಲ್ಲಿ ಒಂದು, ಇಗ್ನಿಷನ್ ಕಾಯಿಲ್. ಮುಷ್ಟಿಯಲ್ಲಿ ಹಿಡಿಯಬಹುದಾದ ಈ ಪುಟ್ಟ ಸುರುಳಿಗೆ ವೈರಿಗಳು ಮುಖ್ಯವಾಗಿ ಇಬ್ಬರು: ಶಾಖ ಮತ್ತು ತೇವ. ಇವು ಅದನ್ನು ಹೇಗೆ ಕೆಡಿಸುತ್ತವೆ ಎಂದು ತಿಳಿಯಲು ಪಿಯುಸಿ ಭೌತಶಾಸ್ತ್ರದ ಒಂದು ಪಾಠ ಸಾಕು.

12 ವೋಲ್ಟ್ 20 ಸಾವಿರವಾಗುವ ಬಗೆ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಒತ್ತಲ್ಪಟ್ಟ ಪೆಟ್ರೋಲ್-ಗಾಳಿಯ ಮಿಶ್ರಣಕ್ಕೆ ಬೆಂಕಿ ಹಚ್ಚುವುದು ಸ್ಪಾರ್ಕ್ ಪ್ಲಗ್ಗಿನ ಕಿಡಿ. ಪ್ಲಗ್ಗಿನ ತುದಿಯಲ್ಲಿರುವ ಸಂದು ಸುಮಾರು ಒಂದು ಮಿಲಿಮೀಟರಿನಷ್ಟೇ. ಆದರೆ ಒಳಗಿನ ಅನಿಲದ ಒತ್ತಡ ಹೊರಗಿನ ಗಾಳಿಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ. ಹೀಗಾಗಿ ಹತ್ತು ಸಾವಿರ ವೋಲ್ಟಿಗೂ ಮೀರಿದ ವಿಭವಾಂತರ ಬೇಕಾಗುತ್ತದೆ. ಕಾರಿನ ಬ್ಯಾಟರಿ ಕೊಡುವುದಾದರೋ ಬರೇ 12 ವೋಲ್ಟ್!

ಈ ಅಂತರವನ್ನು ತುಂಬುವುದೇ ಕಾಯಿಲ್‌ನ ಕೆಲಸ. ಕಬ್ಬಿಣದ ತಿರುಳಿನ ಸುತ್ತ ಎರಡು ತಾಮ್ರದ ಸುರುಳಿಗಳಿರುತ್ತವೆ. ಪ್ರಾಥಮಿಕ ಸುರುಳಿಯಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತು. ದ್ವಿತೀಯಕದಲ್ಲಿ ಕೂದಲಿನಷ್ಟು ಸಪೂರವಾದ ತಂತಿಯ ಹಲವು ಸಾವಿರ ಸುತ್ತು. ಅನುಪಾತ ಸುಮಾರು ಒಂದಕ್ಕೆ ನೂರು.

ಇಲ್ಲಿ ಚುರುಕು ವಿದ್ಯಾರ್ಥಿಗಳು ಕೈಯೆತ್ತಿ ಕೇಳುತ್ತಾರೆ: 'ಪರಿವರ್ತಕ ನೇರ ವಿದ್ಯುತ್ತಿನಲ್ಲಿ ಕೆಲಸ ಮಾಡುವುದಿಲ್ಲವಲ್ಲ ಸಾರ್? ಮಾಡಿದರೂ ಹನ್ನೆರಡರ ನೂರು ಪಟ್ಟು ಎಂದರೆ 1,200 ಅಲ್ಲವೆ? ಉಳಿದದ್ದು ಎಲ್ಲಿಂದ ಬಂತು?'

ಗುಟ್ಟು ಇರುವುದು ವಿದ್ಯುತ್ತನ್ನು ಹರಿಸುವುದರಲ್ಲಲ್ಲ, ಕಡಿಯುವುದರಲ್ಲಿ. ಪ್ರಾಥಮಿಕ ಸುರುಳಿಯಲ್ಲಿ ಪ್ರವಾಹ ಹರಿದಾಗ ತಿರುಳಿನಲ್ಲಿ ಕಾಂತಕ್ಷೇತ್ರ ಮೈದುಂಬಿಕೊಳ್ಳುತ್ತದೆ. ಆಗ ಪ್ರವಾಹವನ್ನು ಫಕ್ಕನೆ ಕಡಿದರೆ ಕಾಂತಕ್ಷೇತ್ರ ಕುಸಿಯುತ್ತದೆ. ಕುಸಿತ ಎಷ್ಟು ವೇಗವೋ ಪ್ರೇರಿತ ವೋಲ್ಟ್ ಅಷ್ಟು ಹೆಚ್ಚು. ಆ ಕ್ಷಣದಲ್ಲಿ ಪ್ರಾಥಮಿಕ ಸುರುಳಿಯಲ್ಲೇ 200ರಿಂದ 400 ವೋಲ್ಟ್ ಹುಟ್ಟುತ್ತದೆ. ಅದರ ನೂರು ಪಟ್ಟು ಎಂದರೆ 20ರಿಂದ 40 ಸಾವಿರ.

ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವವಿದು. ಐರ್ಲೆಂಡಿನ ಪಾದ್ರಿ ಮತ್ತು ವಿಜ್ಞಾನದ ಅಧ್ಯಾಪಕ ನಿಕೊಲಾಸ್ ಕ್ಯಾಲನ್ 1836ರಲ್ಲಿ ಅದರಿಂದ ಪ್ರೇರಣ ಸುರುಳಿಯನ್ನು ಮಾಡಿ ತೋರಿಸಿದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಹೊತ್ತಿಗೆ ಬ್ಯಾಟರಿಯಿಂದ ನಡೆಯುವ ಇಗ್ನಿಷನ್ ವ್ಯವಸ್ಥೆಯನ್ನು ಕಾರಿಗೆ ಅಳವಡಿಸಿದರು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಇಡೀ ಎಂಜಿನ್ನಿಗೆ ಒಂದೇ ಡಬ್ಬಿಯಂಥ ಕಾಯಿಲ್ ಇರುತ್ತಿತ್ತು. ಡಿಸ್ಟ್ರಿಬ್ಯೂಟರ್ ಅದರ ವಿದ್ಯುತ್ತನ್ನು ಸರದಿಯಂತೆ ನಾಲ್ಕು ಪ್ಲಗ್ಗುಗಳಿಗೆ ಹಂಚುತ್ತಿತ್ತು. ಇಂದಿನ ಅನೇಕ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ನೆತ್ತಿಯ ಮೇಲೆ ಒಂದೊಂದು ಪುಟ್ಟ ಕಾಯಿಲ್ ಕುಳಿತಿರುತ್ತದೆ.

ಅದರ ದುಡಿಮೆಯ ಲೆಕ್ಕ ನೋಡಿ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ನಾಲ್ಕು ಹೊಡೆತದ ಎಂಜಿನ್ನಿನ ಪ್ರತಿ ಸಿಲಿಂಡರಿಗೂ ನಿಮಿಷಕ್ಕೆ 1,500 ಕಿಡಿ ಬೇಕು, ಸೆಕೆಂಡಿಗೆ 25. ನಾಲ್ಕು ಸಿಲಿಂಡರಿಗೆ ಒಂದೇ ಕಾಯಿಲ್ ಇದ್ದರೆ ಸೆಕೆಂಡಿಗೆ 100!

ಮೊದಲ ವೈರಿ: ಶಾಖ

ತಾಮ್ರ ಬಿಸಿಯಾದರೆ ಅದರ ರೋಧ ಹೆಚ್ಚುತ್ತದೆ. ಏರಿಕೆ ಪ್ರತಿ ಡಿಗ್ರಿಗೆ ಶೇಕಡಾ 0.39ರಷ್ಟು. ಹಳೆಯ ಮಾದರಿಯ ಒಂದು ಕಾಯಿಲ್‌ನ ಪ್ರಾಥಮಿಕ ಸುರುಳಿಯ ರೋಧ 20 ಡಿಗ್ರಿಯಲ್ಲಿ 3 ಓಮ್ ಎಂದಿಟ್ಟುಕೊಳ್ಳಿ. 12 ವೋಲ್ಟಿಗೆ 4 ಆಂಪಿಯರ್ ಹರಿಯುತ್ತದೆ. ಅದೇ ಸುರುಳಿ 120 ಡಿಗ್ರಿಗೆ ಏರಿದರೆ ರೋಧ ಸುಮಾರು 4.2 ಓಮ್, ಪ್ರವಾಹ 2.9 ಆಂಪಿಯರಿಗೆ ಇಳಿಯುತ್ತದೆ. ಕಾಂತಕ್ಷೇತ್ರದಲ್ಲಿ ಕೂಡಿಡುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಕಿಡಿಯ ಶಕ್ತಿ ಹೆಚ್ಚುಕಡಿಮೆ ಅರ್ಧವಾಗುತ್ತದೆ! ಹೊಸ ಕಾರುಗಳ ಎಲೆಕ್ಟ್ರಾನಿಕ್ ನಿಯಂತ್ರಕ ಈ ಕೊರತೆಯನ್ನು ಒಂದು ಮಟ್ಟಿಗೆ ಸರಿದೂಗಿಸುತ್ತದೆ. ಹಳೆಯ ಕಾರುಗಳಿಗೆ ಆ ಭಾಗ್ಯವಿಲ್ಲ.

ಇದು ತಾತ್ಕಾಲಿಕ ತೊಂದರೆ, ಆರಿದರೆ ಸರಿಹೋಗುತ್ತದೆ. ಶಾಶ್ವತ ಹಾನಿ ಆಗುವುದು ತಂತಿಯ ಮೇಲಿನ ನಿರೋಧಕ ಲೇಪಕ್ಕೆ. ತಂತಿಯ ಸುತ್ತುಗಳು ಒಂದಕ್ಕೊಂದು ತಾಗದಂತೆ ಕಾಯುವುದು ತೆಳ್ಳನೆಯ ಎನಾಮಲ್ ಪದರ ಮತ್ತು ಸುತ್ತಲೂ ತುಂಬಿದ ಎಣ್ಣೆ ಅಥವಾ ಎಪಾಕ್ಸಿ. ಕೆಲಸದ ಉಷ್ಣತೆ ಪ್ರತಿ 10 ಡಿಗ್ರಿ ಏರಿದರೆ ನಿರೋಧಕದ ಆಯುಸ್ಸು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕಾಚಾರ. ಜೊತೆಗೆ ಬಿಸಿಗೆ ಹಿಗ್ಗುವುದರಲ್ಲಿ ತಾಮ್ರ, ಕಬ್ಬಿಣ, ಎಪಾಕ್ಸಿಗಳದು ಒಂದೊಂದು ರೀತಿ. ದಿನವೂ ಹಿಗ್ಗಿ ಕುಗ್ಗುತ್ತ ಕಣ್ಣಿಗೆ ಕಾಣದ ಬಿರುಕುಗಳು ಮೂಡುತ್ತವೆ.

ಎಂಜಿನ್ ನಿಲ್ಲಿಸಿದ ಕೂಡಲೇ ಬಿಸಿ ಇಳಿಯುವುದಿಲ್ಲ ಎಂಬುದನ್ನೂ ಗಮನಿಸಬೇಕು. ತಂಪುಗೊಳಿಸುವ ನೀರಿನ ಓಟ ನಿಂತು, ಗಾಳಿಯೂ ಇಲ್ಲದೆ, ಬಾನೆಟ್ ಕೆಳಗಿನ ಉಷ್ಣತೆ ಕೆಲವು ನಿಮಿಷ ಇನ್ನೂ ಏರುತ್ತದೆ. ಚಹಾ ಕುಡಿದು ಬಂದಾಗ ಕಾರು ಮುನಿಸಿಕೊಳ್ಳಲು ಇದೂ ಒಂದು ಕಾರಣ.

ಎರಡನೆಯ ವೈರಿ: ತೇವ

ಶುದ್ಧ ನೀರು ವಿದ್ಯುತ್ತಿನ ಉತ್ತಮ ವಾಹಕವಲ್ಲ. ಕೆಡಿಸುವುದು ಅದರಲ್ಲಿ ಕರಗಿದ ಲವಣ. ಕಾಯಿಲ್‌ನ ತಲೆ, ತಂತಿಗಳು, ರಬ್ಬರ್ ಟೊಪ್ಪಿಗಳ ಮೇಲೆ ಕುಳಿತ ರಸ್ತೆಯ ಧೂಳು, ಕರಾವಳಿಯಲ್ಲಾದರೆ ಸಮುದ್ರದ ಉಪ್ಪು ತೇವದೊಡನೆ ಬೆರೆತಾಗ ಒಂದು ವಾಹಕ ಪೊರೆ ಸಿದ್ಧವಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ ಮಳೆಹನಿಯೇ ತಾಗಬೇಕೆಂದಿಲ್ಲ. ಇಬ್ಬನಿ, ಮಂಜು ಸಾಕು.

ವಿದ್ಯುತ್ತಿಗೆ ಸುಲಭದ ದಾರಿ ಬೇಕು. ಸಿಲಿಂಡರಿನೊಳಗಿನ ಒತ್ತಡವನ್ನು ಭೇದಿಸುವುದಕ್ಕಿಂತ ಹೊರಗಿನ ಒದ್ದೆ ಮೈಮೇಲೆ ಹರಿದು ಎಂಜಿನ್ನಿನ ಲೋಹ ಸೇರುವುದು ಅದಕ್ಕೆ ಸಲೀಸು. ಈ ಕಳ್ಳದಾರಿಯಲ್ಲಿ ಒಮ್ಮೆ ಕಿಡಿ ಹರಿದರೆ ಪ್ಲಾಸ್ಟಿಕ್ ಅಥವಾ ರಬ್ಬರ್ ಸುಟ್ಟು ಇದ್ದಿಲಿನ ಸಣ್ಣ ಗೆರೆ ಉಳಿಯುತ್ತದೆ. ಇದ್ದಿಲು ವಾಹಕ. ಒದ್ದೆ ಆರಿದರೂ ದಾರಿ ಮುಚ್ಚುವುದಿಲ್ಲ. ಮಳೆಗಾಲದ ಒಂದು ಬೆಳಗಿನ ತೊಂದರೆ ವರ್ಷಪೂರ್ತಿಯ ಕಾಯಿಲೆಯಾಗುವುದು ಹೀಗೆ.

ಶಾಖ ಮಾಡಿದ ಬಿರುಕಿನಲ್ಲಿ ತೇವ ನುಗ್ಗುತ್ತದೆ ಎಂಬುದನ್ನು ನೆನಪಿಡಿ. ವೈರಿಗಳಿಬ್ಬರೂ ಒಳಗೊಳಗೇ ಮಿತ್ರರು!

ಲಕ್ಷಣಗಳೇನು?

ಮೆಕ್ಯಾನಿಕರ ಭಾಷೆಯಲ್ಲಿ ಇದಕ್ಕೆ 'ಮಿಸ್ಸಿಂಗ್' ಎಂದು ಹೆಸರು. ಎಂಜಿನ್ ನಡುಗುತ್ತದೆ, ಪಿಕಪ್ ಇಲ್ಲವಾಗುತ್ತದೆ, ಹೊಗೆ ಕೊಳವೆಯಲ್ಲಿ ಪೆಟ್ರೋಲ್ ವಾಸನೆ ಬರುತ್ತದೆ. ತೊಂದರೆ ಮೊದಲು ಕಾಣುವುದು ಘಾಟಿ ಏರುವಾಗ. ಭಾರ ಹೆಚ್ಚಿದಾಗ ಸಿಲಿಂಡರಿನ ಒತ್ತಡವೂ ಹೆಚ್ಚಿ, ಹೆಚ್ಚು ವೋಲ್ಟ್ ಬೇಕಾಗುತ್ತದೆ. ಆಗ ದುರ್ಬಲ ಕಾಯಿಲ್ ಕೈಕೊಡುತ್ತದೆ. ಚಾರ್ಮಾಡಿಯ ತಿರುವಿನಲ್ಲಿ, ಮಳೆಯ ಕತ್ತಲಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಕಾರು ನಿಂತರೆ ಅದು ಜೀವದ ಪ್ರಶ್ನೆ.

ಉರಿಯದ ಪೆಟ್ರೋಲ್ ಇನ್ನೊಂದು ಹಾನಿ ಮಾಡುತ್ತದೆ. ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ನಮ್ಮ ದೇಶದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ 1995ರಲ್ಲಿ ಕಡ್ಡಾಯವಾಯಿತು. ಮುಂದೆ ಎಲ್ಲೆಡೆ ಬಂತು. ಹಸಿ ಪೆಟ್ರೋಲ್ ಅದರೊಳಗೆ ಹೋಗಿ ಉರಿದರೆ ಅದು ಅತಿಯಾಗಿ ಕಾದು ಹಾಳಾಗುತ್ತದೆ. ಅದರ ಬೆಲೆಯ ಮುಂದೆ ಕಾಯಿಲ್‌ನ ಬೆಲೆ ಏನೂ ಅಲ್ಲ. ಎಂಜಿನ್ ದೀಪ ಮಿಣುಕುತ್ತಿದ್ದರೆ 'ನಾಳೆ ನೋಡೋಣ' ಎನ್ನಬೇಡಿ.

ಹೀಗೆ ಮಾಡಿ

1. ಪ್ಲಗ್ಗುಗಳನ್ನು ಕಾರಿನ ಕೈಪಿಡಿ ಹೇಳಿದ ಅವಧಿಗೆ ಬದಲಾಯಿಸಿ. ಪ್ಲಗ್ ಸವೆದಂತೆ ಸಂದು ಅಗಲವಾಗುತ್ತದೆ. ಅದನ್ನು ದಾಟಲು ಕಾಯಿಲ್ ಹೆಚ್ಚು ವೋಲ್ಟ್ ಹುಟ್ಟಿಸಬೇಕಾಗುತ್ತದೆ. ಎಷ್ಟೋ ಕಾಯಿಲ್‌ಗಳು ಸಾಯುವುದು ಹಳೆಯ ಪ್ಲಗ್ಗಿನಿಂದ.

2. ಸರ್ವಿಸ್ ಸ್ಟೇಷನ್ನಿನಲ್ಲಿ ಎಂಜಿನ್ ಮೇಲೆ ಜೋರಾಗಿ ನೀರು ಹಾಯಿಸಲು ಬಿಡಬೇಡಿ. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಸ್ಕೂಟರ್, ಬೈಕುಗಳಿಗೂ ಇದೇ ಮಾತು.

3. ಮಳೆಗಾಲಕ್ಕೆ ಮುನ್ನ ರಬ್ಬರ್ ಟೊಪ್ಪಿಗಳನ್ನು ಪರೀಕ್ಷಿಸಿ. ಬಿರುಕಿದ್ದರೆ ಬದಲಾಯಿಸಿ. ಟೊಪ್ಪಿಯ ಒಳಬಾಯಿಗೆ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳುವಾಗಿ ಸವರಿದರೆ ತೇವ ಒಳಸೇರದು. ಮಾಮೂಲಿ ಗ್ರೀಸ್ ಬೇಡ, ಅದು ರಬ್ಬರನ್ನು ಊದಿಸಿ ಕೆಡಿಸುತ್ತದೆ.

4. ಪ್ಲಗ್ ಕುಳಿಯಲ್ಲಿ ಎಣ್ಣೆ ಅಥವಾ ನೀರು ಕಂಡರೆ ಅದು ಬಂದ ಗ್ಯಾಸ್ಕೆಟ್ಟನ್ನು ಮೊದಲು ಸರಿಪಡಿಸಿ.

5. ಕಾಯಿಲ್‌ಗೆ ಪ್ಲಾಸ್ಟಿಕ್ ಚೀಲ ಸುತ್ತುವ ಉಪಾಯ ಬೇಡ. ಅದು ಬಿಸಿಯನ್ನೂ ಆವಿಯನ್ನೂ ಒಳಗೇ ಹಿಡಿದಿಡುತ್ತದೆ. ರಿಪೇರಿಗೆ ಬಿಚ್ಚಿದ ಶಾಖ ತಡೆಯುವ ತಗಡನ್ನು ಮರಳಿ ಕೂರಿಸಿದ್ದಾರೆಯೇ ಎಂದೂ ನೋಡಿ.

6. ಪ್ಲಾಟಿನಂ ಪಾಯಿಂಟ್ ಇರುವ ಹಳೆಯ ಕಾರಿನಲ್ಲಿ ಎಂಜಿನ್ ನಿಲ್ಲಿಸಿ ಇಗ್ನಿಷನ್ ಕೀಲಿಯನ್ನು ಚಾಲೂ ಬಿಡಬೇಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ 12 ವೋಲ್ಟ್, 4 ಆಂಪಿಯರ್, ಅಂದರೆ 48 ವ್ಯಾಟ್ ಶಾಖ ಕಾಯಿಲ್‌ನೊಳಗೆ ಒಂದೇ ಸಮನೆ ಹುಟ್ಟುತ್ತಿರುತ್ತದೆ.

ಮಕ್ಕಳೇ, ಎಚ್ಚರ!

ಓಡುತ್ತಿರುವ ಎಂಜಿನ್ನಿನ ಕಾಯಿಲ್ಲನ್ನಾಗಲಿ ಪ್ಲಗ್ ತಂತಿಯನ್ನಾಗಲಿ ಮುಟ್ಟಬೇಡಿ. ತಂತಿ ಕಿತ್ತು ಕಿಡಿ ನೋಡುವ ಹಳೆಯ ಅಭ್ಯಾಸವೂ ಬೇಡ. ಕಿಡಿಗೆ ದಾರಿ ಸಿಗದಿದ್ದರೆ ವೋಲ್ಟ್ ಏರಿ ಕಾಯಿಲ್‌ನ ಒಳಗಿನ ನಿರೋಧಕವನ್ನೇ ತೂತು ಮಾಡಬಹುದು. ತೇವದ ತತ್ತ್ವವನ್ನು ಮನೆಯಲ್ಲೇ ಕ್ಷೇಮವಾಗಿ ನೋಡಬಹುದು: ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರಿನಲ್ಲಿ ಮಲ್ಟಿಮೀಟರಿನ ಎರಡು ಮುಳ್ಳುಗಳನ್ನು ಅದ್ದಿ ರೋಧ ಅಳೆಯಿರಿ. ಬಳಿಕ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಅಳೆಯಿರಿ. ರೋಧ ಎಷ್ಟು ಕುಸಿಯಿತೆಂದು ಬರೆದಿಟ್ಟುಕೊಳ್ಳಿ.

ಪಾಲಕರಿಗೊಂದು ಮಾತು. 'ಕಾಯಿಲ್ ಹೋಗಿದೆ, ಬದಲಾಯಿಸಬೇಕು' ಎಂದು ಮೆಕ್ಯಾನಿಕ್ ಹೇಳಿದರೆ ತಕ್ಷಣ ಹಣ ಎಣಿಸಬೇಡಿ. 'ಏಕೆ ಹೋಯಿತು?' ಎಂದು ಕೇಳಿ. ಸವೆದ ಪ್ಲಗ್ಗೋ ಬಿರಿದ ರಬ್ಬರೋ ಸೋರುವ ಗ್ಯಾಸ್ಕೆಟ್ಟೋ ಹಾಗೆಯೇ ಉಳಿದರೆ ಹೊಸ ಕಾಯಿಲ್ ಕೂಡ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.