ಹುಡುಕುವ ವಿದ್ಯೆ ಮತ್ತು ಗ್ರಂಥಪಾಲರ ಉಪನ್ಯಾಸಗಳು

ಹೊಂಗೆಯ ಮರವನ್ನು ಕಾಣದ ಕನ್ನಡಿಗನಿಲ್ಲ. ಯುಗಾದಿಯ ವೇಳೆಗೆ ತಿಳಿಹಸಿರು ಚಿಗುರನ್ನು ಹೊದ್ದು ನಿಲ್ಲುವ ಈ ಮರದ ಬೀಜದ ಎಣ್ಣೆಯಲ್ಲಿ ನಮ್ಮ ಹಿರಿಯರು ದೀಪ ಉರಿಸಿದರು. ಈಚಿನ ವರ್ಷಗಳಲ್ಲಿ ಡೀಸೆಲ್ಲಿಗೆ ಬದಲಾಗಿ ಅದನ್ನು ಬಳಸಬಹುದೆಂಬ ವಿಚಾರ ವಿಜ್ಞಾನಿಗಳ ಗಮನವನ್ನು ಸೆಳೆದಿದೆ. ನಾನು ಎಂ.ಎಸ್‌ಸಿ. ತರಗತಿಯಲ್ಲಿದ್ದಾಗ ಪ್ರಾಜೆಕ್ಟಿಗೆಂದು ಆರಿಸಿಕೊಂಡದ್ದೂ ಈ ಎಣ್ಣೆಯನ್ನೇ. ಉಷ್ಣತೆ ಏರಿದಂತೆ ಅದರ ಸ್ನಿಗ್ಧತೆ ಯಾವ ಕ್ರಮದಲ್ಲಿ ಕುಗ್ಗುತ್ತದೆ ಎಂಬುದನ್ನು ಅಳೆಯುವುದು ನನ್ನ ಉದ್ದೇಶವಾಗಿತ್ತು. ದ್ರವವು ಹರಿಯುವಾಗ ಅದರ ಪದರಗಳು ಒಂದನ್ನೊಂದು ತಡೆಯುವ ಗುಣಕ್ಕೆ ಸ್ನಿಗ್ಧತೆ ಎಂದು ಹೆಸರು. ಜೇನಿನಲ್ಲಿ ಅದು ಹೆಚ್ಚು, ನೀರಿನಲ್ಲಿ ಕಡಿಮೆ. ಹಿಂದೆ ಯಾರಾದರೂ ಈ ಕೆಲಸ ಮಾಡಿದ್ದಾರೆಯೇ ಎಂದು ಮೊದಲು ಅಂತರಜಾಲದಲ್ಲಿ ನೋಡಿದೆ. 'ಹೊಂಗೆ' ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕಿದಾಗ ನಾಲ್ಕಾರು ಲೇಖನಗಳು ದೊರೆತವು. ನನಗೆ ಬೇಕಾದ ಅಳತೆ ಅವುಗಳಲ್ಲಿ ಇರಲಿಲ್ಲ. ಹೊಲ ಬೀಳುಬಿದ್ದಿದೆ, ಉಳುವವನು ನಾನೇ ಮೊದಲಿಗನೆಂದು ಹಿಗ್ಗಿ ಮೂರು ತಿಂಗಳು ದುಡಿದೆ.

ವರದಿ ಮುಗಿದ ಮೇಲೆ ಅದರ ಶೀರ್ಷಿಕೆಯನ್ನು ನೋಡಿದ ಗ್ರಂಥಪಾಲರೊಬ್ಬರು, "ಕರಂಜ ಎಂಬ ಹೆಸರಿನಲ್ಲಿ ಹುಡುಕಿದೆಯೇನಪ್ಪಾ?" ಎಂದು ಕೇಳಿದರು. ನಾನು ಹುಡುಕಿರಲಿಲ್ಲ. ಉತ್ತರ ಭಾರತದಲ್ಲಿ ಹೊಂಗೆಗೆ ಕರಂಜವೆಂದು ಹೆಸರು. ಸಸ್ಯಶಾಸ್ತ್ರಜ್ಞರು ಅದನ್ನು ಹಿಂದೆ ಪೊಂಗಾಮಿಯ ಗ್ಲಾಬ್ರ ಎಂದರು, ಆಮೇಲೆ ಪೊಂಗಾಮಿಯ ಪಿನ್ನಾಟ ಎಂದರು, ಕೆಲವರು ಮಿಲ್ಲೆಟಿಯ ಪಿನ್ನಾಟ ಎಂದೂ ಕರೆದರು. ಈ ಹೆಸರುಗಳನ್ನು ಅವರು ಒಂದೊಂದಾಗಿ ಗಣಕಯಂತ್ರಕ್ಕೆ ಕೊಟ್ಟಂತೆ ಲೇಖನಗಳ ಪಟ್ಟಿ ಪುಟಪುಟವಾಗಿ ಇಳಿಯಿತು. ನನ್ನ ಮೂರು ತಿಂಗಳ ಕೋಷ್ಟಕ, ನನ್ನದಕ್ಕಿಂತ ಹೆಚ್ಚು ನಿಖರವಾಗಿ, ಆಗಲೇ ಅಚ್ಚಾಗಿ ಕುಳಿತಿತ್ತು!

ತಪ್ಪು ನನ್ನದೇ, ಸಂದೇಹವಿಲ್ಲ. ಆದರೆ ಹದಿನೇಳು ವರ್ಷಗಳ ವಿದ್ಯಾಭ್ಯಾಸದಲ್ಲಿ ಅಳೆಯುವುದನ್ನೂ ಲೆಕ್ಕ ಹಾಕುವುದನ್ನೂ ಕಲಿತ ನಾನು, ಹಿಂದಿನವರು ಏನು ಮಾಡಿದ್ದಾರೆಂದು ಹುಡುಕುವುದನ್ನು ಒಂದು ಗಂಟೆಯಾದರೂ ಕಲಿತಿರಲಿಲ್ಲ. ಹುಡುಕುವುದೂ ಒಂದು ವಿದ್ಯೆ ಎಂಬುದೇ ನನಗೆ ತಿಳಿದಿರಲಿಲ್ಲ. ಈ ವಿದ್ಯೆಯನ್ನು ಬಲ್ಲವರು ಗ್ರಂಥಪಾಲರು. ಅವರು ಹೇಳುವ ಪಾಠಗಳು ಈಗ ಧ್ವನಿ-ಚಿತ್ರಗಳ ಮುದ್ರಿಕೆಯ ರೂಪದಲ್ಲಿ ಯಾವ ಊರಿನ ವಿದ್ಯಾರ್ಥಿಗಾದರೂ ದೊರೆಯುತ್ತಿವೆ.

ನನ್ನ ನಷ್ಟ ಮೂರು ತಿಂಗಳು ಮಾತ್ರ. ಎಲ್ಲರಿಗೂ ಇಷ್ಟು ಅಗ್ಗದಲ್ಲಿ ಬಿಡುಗಡೆಯಾಗುವುದಿಲ್ಲ. ೨೦೦೧ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಶ್ವಾಸನಾಳಗಳ ಸ್ವಭಾವವನ್ನು ಅರಿಯಲು ಒಂದು ಪ್ರಯೋಗ ನಡೆಯಿತು. ಆರೋಗ್ಯವಂತರಾದ ಸ್ವಯಂಸೇವಕರು ಹೆಕ್ಸಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನೊಡನೆ ಒಳಕ್ಕೆಳೆದುಕೊಳ್ಳಬೇಕಾಗಿತ್ತು. ಅವರಲ್ಲಿ ಒಬ್ಬಳಾದ ೨೪ ವರ್ಷದ ತರುಣಿಯ ಶ್ವಾಸಕೋಶಗಳು ಕೆಟ್ಟು, ಜೂನ್ ೨ರಂದು ಆಕೆ ತೀರಿಕೊಂಡಳು. ಪ್ರಯೋಗಕ್ಕೆ ಮೊದಲು ಸಂಶೋಧಕರು ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಸೂಚಿಯಲ್ಲಿ ಹುಡುಕಿದ್ದರು. ಆದರೆ ಆ ಸೂಚಿ ಆಗ ೧೯೬೬ಕ್ಕಿಂತ ಹಿಂದಕ್ಕೆ ಹೋಗುತ್ತಿರಲಿಲ್ಲ. ಹೆಕ್ಸಮೆಥೋನಿಯಮ್ಮನ್ನು ರಕ್ತದೊತ್ತಡಕ್ಕೆ ಔಷಧವಾಗಿ ಕೊಡುತ್ತಿದ್ದುದು ೧೯೫೦ರ ದಶಕದಲ್ಲಿ; ಅದು ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲದೆಂದು ವೈದ್ಯರು ಬರೆದಿಟ್ಟದ್ದೂ ಆ ದಶಕದ ಪತ್ರಿಕೆಗಳಲ್ಲಿ. ಸಾವಿನ ಸುದ್ದಿ ಹರಡಿದ ಮೇಲೆ ಗ್ರಂಥಪಾಲರೂ ಇತರರೂ ಹುಡುಕಲು ಕುಳಿತಾಗ ಆ ಹಳೆಯ ಲೇಖನಗಳು ಸಿಕ್ಕಿದವು. ಅವು ಮೊದಲೇ ದೊರೆತಿದ್ದರೆ ಆ ಸಾವು ತಪ್ಪುತ್ತಿತ್ತೆಂದು ಖಂಡಿತವಾಗಿ ಹೇಳಲಾಗದು. ಪ್ರಯೋಗಕ್ಕೆ ಅಡಿಯಿಡುವ ಮುನ್ನ ಯಾರಾದರೂ ಎರಡು ಸಲ ಯೋಚಿಸುತ್ತಿದ್ದರೆಂದು ಮಾತ್ರ ಹೇಳಬಹುದು. ಪಬ್‌ಮೆಡ್ ಸೂಚಿ ಈಗ ೧೯೪೦ರ ದಶಕದವರೆಗೂ ಹಿಂದಕ್ಕೆ ಚಾಚಿದೆ. ಆದರೆ ತಾನು ಬಳಸುವ ಸೂಚಿ ಯಾವ ವರ್ಷದಿಂದ ಆರಂಭವಾಗುತ್ತದೆಂದು ಕೇಳದೆ ಇರುವ ಸಂಶೋಧಕರು ಇಂದಿಗೂ ಉಂಟು.

ಗ್ರಂಥಪಾಲನೆಂದರೆ ಪುಸ್ತಕಗಳಿಗೆ ಬೀಗ ಹಾಕಿ ಕಾಯುವವನು ಎಂಬ ಭಾವನೆ ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಅದನ್ನು ಅಳಿಸಲು ಜೀವಮಾನವಿಡೀ ಶ್ರಮಿಸಿದವರು ಡಾ. ಎಸ್. ಆರ್. ರಂಗನಾಥನ್. ಇವರು ಮೊದಲು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಗಣಿತಜ್ಞರು. ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ೧೯೩೧ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದರು. ಓದುಗನ ಕಾಲವನ್ನು ಉಳಿಸಬೇಕೆಂಬುದು ಅವುಗಳಲ್ಲಿ ನಾಲ್ಕನೆಯದು. ಬೆಂಗಳೂರಿನಲ್ಲಿ ೧೯೬೨ರಲ್ಲಿ ಅವರು ಸ್ಥಾಪಿಸಿದ ಪ್ರಲೇಖನ ಸಂಶೋಧನ ಹಾಗೂ ಶಿಕ್ಷಣ ಕೇಂದ್ರದಲ್ಲಿ ಗ್ರಂಥಪಾಲರ ಹಲವು ತಲೆಮಾರುಗಳು ತರಬೇತಿ ಪಡೆದಿವೆ. ಓದುಗನ ಕಾಲ ಉಳಿಯಬೇಕಾದರೆ ಹುಡುಕುವ ಬಗೆಯನ್ನು ಅವನಿಗೇ ಕಲಿಸಬೇಕು. ಆದ್ದರಿಂದ ದೊಡ್ಡ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ವರ್ಷವರ್ಷವೂ ಸಂಶೋಧಕರಿಗಾಗಿ ಉಪನ್ಯಾಸಗಳನ್ನು ಏರ್ಪಡಿಸುತ್ತ ಬಂದಿವೆ. ಆ ಊರಿನಲ್ಲಿದ್ದವರಿಗೆ ಮಾತ್ರ ಅವುಗಳ ಫಲ ದಕ್ಕುತ್ತಿತ್ತು. ವೆಬಿನಾರ್ ಎಂದು ಕರೆಯಲಾಗುವ ಜಾಲಗೋಷ್ಠಿಗಳೂ ಅವುಗಳ ಮುದ್ರಿಕೆಗಳೂ ಬಂದ ಮೇಲೆ ಈ ಎಲ್ಲೆ ಅಳಿಯಿತು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ಪಬ್‌ಮೆಡ್ಡನ್ನು ಬಳಸುವ ಬಗೆಯ ಪಾಠಗಳನ್ನು ಉಚಿತವಾಗಿ ಒದಗಿಸುತ್ತ ಬಂದಿದೆ. ಬಡದೇಶಗಳ ಸಂಶೋಧಕರಿಗೆ ವಿಜ್ಞಾನ ಪತ್ರಿಕೆಗಳನ್ನು ತಲುಪಿಸುವ ರಿಸರ್ಚ್‌ಫೋರ್‌ಲೈಫ್ ಎಂಬ ಒಕ್ಕೂಟವೂ ಇಂಥ ಪಾಠಗಳನ್ನು ನಡೆಸುತ್ತದೆ.

ಇವುಗಳಲ್ಲಿ ಹೇಳಿಕೊಡುವುದೇನು? ಎಲ್ಲಕ್ಕೂ ಬುನಾದಿಯಾದ ಪಾಠ ಪದಗಳದು. ಯಂತ್ರವು ನಾವು ಬರೆದ ಅಕ್ಷರಗಳನ್ನು ಹುಡುಕುತ್ತದೆ. ನಮ್ಮ ಮನಸ್ಸಿನ ಅರ್ಥವನ್ನು ಅದು ಎಲ್ಲ ವೇಳೆಯಲ್ಲೂ ಊಹಿಸಲಾರದು. ೧೯೨೮ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ರಾಮನ್ ಮತ್ತು ಕೃಷ್ಣನ್ ಅವರು ಕಂಡ ಬೆಳಕಿನ ವಿಶೇಷ ಚದುರುವಿಕೆಯನ್ನು ಸರಿಸುಮಾರು ಅದೇ ಕಾಲಕ್ಕೆ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಷ್ಟಾಮ್ ಎಂಬವರು ಸ್ಫಟಿಕಗಳಲ್ಲಿ ಕಂಡರು. ಜಗತ್ತು ಅದನ್ನು ರಾಮನ್ ಪರಿಣಾಮವೆಂದಿತು; ರಷ್ಯದ ವಿಜ್ಞಾನಿಗಳು ಮಾತ್ರ 'ಸಂಯೋಜನ ಚದುರುವಿಕೆ' ಎಂಬರ್ಥದ ಹೆಸರನ್ನು ಬಳಸಿದರು. ರಾಮನ್ ಎಂಬ ಪದವೊಂದನ್ನೇ ಹಿಡಿದು ಹೊರಟವನ ಕಣ್ಣಿಗೆ ಅವರ ಎಷ್ಟೋ ಲೇಖನಗಳು ಬೀಳುವುದೇ ಇಲ್ಲ. ನನ್ನ ಹೊಂಗೆಯ ಕಥೆಯೂ ಇದೇ.

ಪದಗಳನ್ನು ಕಲೆಹಾಕಿದ ಮೇಲೆ ಅವನ್ನು ಜೋಡಿಸಬೇಕು. ಜೋಡಿಸುವ ಸೂತ್ರ ಜಾರ್ಜ್ ಬೂಲ್ ಎಂಬ ಗಣಿತಜ್ಞ ೧೮೫೪ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ತರ್ಕದ ಬೀಜಗಣಿತದಿಂದ ಬಂದದ್ದು. ಒಂದೇ ವಸ್ತುವಿನ ನಾನಾ ಹೆಸರುಗಳ ನಡುವೆ 'ಅಥವಾ' ಎಂಬುದನ್ನೂ ಬೇರೆ ಬೇರೆ ವಸ್ತುಗಳ ನಡುವೆ 'ಮತ್ತು' ಎಂಬುದನ್ನೂ ಇಡಬೇಕು. ಹೊಂಗೆ ಅಥವಾ ಕರಂಜ ಅಥವಾ ಪೊಂಗಾಮಿಯ ಅಥವಾ ಮಿಲ್ಲೆಟಿಯ—ಇವನ್ನು ಒಂದು ಆವರಣದಲ್ಲಿಟ್ಟು, 'ಮತ್ತು' ಸೇರಿಸಿ, ಸ್ನಿಗ್ಧತೆಗೆ ಇರುವ ಪದಗಳನ್ನು ಇನ್ನೊಂದು ಆವರಣದಲ್ಲಿಟ್ಟರೆ ನಾನು ಮಾಡಬೇಕಾಗಿದ್ದ ಹುಡುಕಾಟ ಸಿದ್ಧ. 'ಅಥವಾ' ಎಂಬುದು ಜರಡಿಯ ಕಣ್ಣನ್ನು ಹಿಗ್ಗಿಸುತ್ತದೆ, 'ಮತ್ತು' ಎಂಬುದು ಕುಗ್ಗಿಸುತ್ತದೆ. ಕಣ್ಣು ದೊಡ್ಡದಾದರೆ ಕಾಳಿನೊಡನೆ ಕಸವೂ ಇಳಿಯುತ್ತದೆ. ಸಣ್ಣದಾದರೆ ಕಾಳೂ ಮೇಲೆಯೇ ನಿಲ್ಲುತ್ತದೆ. ಎಷ್ಟಿರಬೇಕೆಂಬುದು ಕೆಲಸವನ್ನು ಅನುಸರಿಸಿದ್ದು. ತರಗತಿಯ ಪ್ರಬಂಧಕ್ಕೆ ಹತ್ತು ಒಳ್ಳೆಯ ಲೇಖನಗಳು ಸಾಕು. ಮನುಷ್ಯರ ಮೇಲೆ ಪ್ರಯೋಗ ನಡೆಸುವವನು ಕಸವನ್ನೂ ಕೈಯಾರೆ ಆರಿಸಿ ನೋಡಬೇಕಾಗುತ್ತದೆ.

ಪದದ ಬುಡವನ್ನಷ್ಟೇ ಬರೆದು ಕೊನೆಗೆ ನಕ್ಷತ್ರಚಿಹ್ನೆಯನ್ನಿಟ್ಟರೆ ಅನೇಕ ಸೂಚಿಗಳು ಅದರ ಎಲ್ಲ ರೂಪಗಳನ್ನೂ ತರುತ್ತವೆ. ಕನ್ನಡದಲ್ಲಿ 'ಮರ' ಎಂದು ಹೀಗೆ ಬರೆದರೆ ಮರದಿಂದ, ಮರಗಳು, ಮರದಲ್ಲಿ ಎಂಬುವೆಲ್ಲ ಬರುತ್ತವೆ. ಮರಳೂ ಮರಣವೂ ಕರೆಯದೆಯೇ ಬರುತ್ತವೆ.

ಇನ್ನೊಂದು ಉಪಾಯ ನನಗೆ ಬಹಳ ಮೆಚ್ಚಿಕೆಯಾದದ್ದು. ಒಂದು ಒಳ್ಳೆಯ ಲೇಖನ ದೊರೆಯಿತೆನ್ನಿ. ಅದರ ಕೊನೆಯಲ್ಲಿರುವ ಉಲ್ಲೇಖಗಳು ನಮ್ಮನ್ನು ಹಿಂದಿನ ಕಾಲಕ್ಕೆ ಒಯ್ಯುತ್ತವೆ. ಇದು ಎಲ್ಲರಿಗೂ ಗೊತ್ತು. ಮುಂದಕ್ಕೆ ಹೋಗುವುದು ಹೇಗೆ? ಆ ಲೇಖನವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದರೆಂದು ತಿಳಿದರೆ ಅದರ ಸಂತತಿಯೇ ಕಾಣುತ್ತದೆ. ಇಂಥ ಸೂಚಿಯೊಂದು ಬೇಕೆಂದು ೧೯೫೫ರಲ್ಲಿ ಸೂಚಿಸಿ, ೧೯೬೦ರ ದಶಕದಲ್ಲಿ ಅದನ್ನು ಅಚ್ಚಿನಲ್ಲಿ ತಂದವರು ಯುಜೀನ್ ಗಾರ್ಫೀಲ್ಡ್. ಅಂದು ಭಾರಿ ಸಂಪುಟಗಳನ್ನು ತಿರುವಿಹಾಕಬೇಕಾಗಿದ್ದ ಕೆಲಸ ಇಂದು ಒಂದು ಒತ್ತಿನಲ್ಲಿ ಆಗುತ್ತದೆ. ಒಂದು ಲೇಖನ ತಪ್ಪೆಂದು ತಿಳಿದು ಅದನ್ನು ಹಿಂತೆಗೆದುಕೊಂಡಿದ್ದಾರೆಯೇ ಎಂಬುದನ್ನೂ ಹೀಗೆ ಮುಂದಕ್ಕೆ ನೋಡಿದಾಗಲೇ ಅರಿಯಬಹುದು.

ಸಂಶೋಧನ ವಿದ್ಯಾರ್ಥಿಗಳಿಗಾಗಿ ಇರುವ ಉಪನ್ಯಾಸಗಳಲ್ಲಿ ಉಲ್ಲೇಖಗಳನ್ನು ಅಚ್ಚುಕಟ್ಟಾಗಿ ಇರಿಸುವ ಜೊಟೆರೊ ಮೊದಲಾದ ಸಾಧನಗಳ ಬಳಕೆ, ಹಣ ಕಿತ್ತುಕೊಳ್ಳುವ ಹುಸಿ ಪತ್ರಿಕೆಗಳನ್ನು ಗುರುತಿಸುವ ಬಗೆ, ಅಳತೆಗಳ ಮೂಲಾಂಶಗಳನ್ನು ಕಾಪಾಡುವ ಕ್ರಮ—ಇವು ಬರುತ್ತವೆ. ಹಿರಿಯ ಸಂಶೋಧಕರೂ ಕುಳಿತು ಕೇಳಬೇಕಾದ ಒಂದು ಪಾಠ ಹೆಸರಿನದು, ಅದರಲ್ಲೂ ನಮ್ಮವರಿಗೆ. ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು ಎಂದು ಬರೆಯುವ ನಮ್ಮ ಪದ್ಧತಿ ಪಶ್ಚಿಮದ ಸೂಚಿಗಳಿಗೆ ಅರ್ಥವಾಗದು. ಒಬ್ಬನೇ ಮನುಷ್ಯ ಒಂದು ಕಡೆ ತಂದೆಯ ಹೆಸರಿನಲ್ಲೂ ಇನ್ನೊಂದು ಕಡೆ ತನ್ನ ಹೆಸರಿನಲ್ಲೂ ಸೇರಿ ಇಬ್ಬರಾಗುತ್ತಾನೆ. ಮಂಜುನಾಥರು ನೂರಾರು ಮಂದಿ ಇರುವುದರಿಂದ ನೂರಾರು ಜನ ಸೇರಿ ಒಬ್ಬರಾಗುವುದೂ ಉಂಟು. ಇದಕ್ಕೆ ಪರಿಹಾರವಾಗಿ ೨೦೧೨ರಿಂದ ಆರ್ಕಿಡ್ ಎಂಬ ಹದಿನಾರು ಸ್ಥಾನಗಳ ಗುರುತುಸಂಖ್ಯೆಯನ್ನು ಸಂಶೋಧಕರಿಗೆ ಉಚಿತವಾಗಿ ಕೊಡಲಾಗುತ್ತಿದೆ. ಅದರ ಕೊನೆಯ ಅಂಕಿಯನ್ನು ಉಳಿದ ಹದಿನೈದರಿಂದ ಲೆಕ್ಕ ಹಾಕಿ ಪಡೆಯುತ್ತಾರೆ; ನಡುವೆ ಒಂದು ಅಂಕಿ ತಪ್ಪಿದರೂ ಯಂತ್ರ ಅದನ್ನು ಹಿಡಿಯುತ್ತದೆ. ಗಣಿತದ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವಾಗಿಯೇ ಹುಡುಕಿ ನೋಡಬಹುದು.

ನೇರ ಗೋಷ್ಠಿ ಒಳ್ಳೆಯದೋ ಮುದ್ರಿಕೆ ಒಳ್ಳೆಯದೋ ಎಂದು ಕೇಳುವವರಿದ್ದಾರೆ. ನೇರವಾಗಿ ಕೇಳುವವನು ಪ್ರಶ್ನೆ ಹಾಕಬಹುದು. ಆದರೆ ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಆರಂಭವಾಗುವ ಗೋಷ್ಠಿ ನಮಗೆ ಬೇಸಗೆಯಲ್ಲಿ ರಾತ್ರಿ ಹನ್ನೊಂದೂವರೆಗೂ ಚಳಿಗಾಲದಲ್ಲಿ ಹನ್ನೆರಡೂವರೆಗೂ ಬೀಳುತ್ತದೆ. ಮುದ್ರಿಕೆಗೆ ಈ ಕಾಟವಿಲ್ಲ. ವೇಗದ ಇಂಗ್ಲಿಷ್ ಕಿವಿಗೆ ಹತ್ತದಿದ್ದರೆ ನಿಧಾನಗೊಳಿಸಬಹುದು, ನಿಲ್ಲಿಸಬಹುದು, ಅಡಿಬರಹವನ್ನು ಓದಬಹುದು. ಕನ್ನಡ ಮಾಧ್ಯಮದಿಂದ ಬಂದ ನನ್ನ ವಿದ್ಯಾರ್ಥಿಗಳಿಗೆ ಇದೇ ದೊಡ್ಡ ಉಪಕಾರ. ಇಂಥ ಪಾಠಗಳು ಕನ್ನಡದಲ್ಲಿಯೇ ಹೆಚ್ಚಾಗಿ ಬರಬೇಕೆಂಬ ಆಸೆ ನನಗಿದೆ. ಅದು ಬೇರೆ ಮಾತು. ಖರ್ಚಿನ ಲೆಕ್ಕವನ್ನೂ ನೋಡೋಣ. ಸೆಕೆಂಡಿಗೆ ೬೪,೦೦೦ ಬಿಟ್‌ಗಳಂತೆ ಹರಿಯುವ ಧ್ವನಿಗೆ ಒಂದು ಗಂಟೆಗೆ ಸುಮಾರು ೨೯ ಮೆಗಾಬೈಟ್ ಸಾಕು. ಸೆಕೆಂಡಿಗೆ ಹತ್ತು ಲಕ್ಷ ಬಿಟ್‌ಗಳ ವಿಡಿಯೋಗೆ ೪೫೦ ಮೆಗಾಬೈಟ್ ಬೇಕು. ತೆರೆಯ ಮೇಲಿನ ಚಿತ್ರವನ್ನು ನೋಡಲೇಬೇಕಾದ ಪಾಠವನ್ನು ಕಾಲೇಜಿನ ಜಾಲದಲ್ಲಿ ನೋಡಿ, ಉಳಿದುದನ್ನು ಮನೆಯಲ್ಲಿ ಕಿವಿಯಿಂದ ಕೇಳಿದರೆ ಹಣ ಉಳಿಯುತ್ತದೆ.

ಮುದ್ರಿಕೆಗೆ ಒಂದು ಕೊರತೆಯಿದೆ: ಅದಕ್ಕೆ ವಯಸ್ಸಾಗುತ್ತದೆ. ೨೦೨೦ರ ಮೇ ತಿಂಗಳಲ್ಲಿ ಪಬ್‌ಮೆಡ್ಡಿನ ಮುಖವೇ ಬದಲಾಯಿತು. ಅದಕ್ಕೆ ಹಿಂದಿನ ಪಾಠಗಳಲ್ಲಿ ತೋರಿಸಿದ ಗುಂಡಿಗಳು ಈಗ ಆ ಜಾಗದಲ್ಲಿಲ್ಲ. ಮೈಕ್ರೋಸಾಫ್ಟ್ ಅಕಾಡೆಮಿಕ್ ಎಂಬ ಸೂಚಿ ೨೦೨೧ರ ಕೊನೆಗೆ ಮುಚ್ಚಿಯೇ ಹೋಯಿತು. ನೋಡುವ ಮೊದಲು ದಿನಾಂಕವನ್ನು ನೋಡಿರಿ. 'ಮತ್ತು', 'ಅಥವಾ'ಗಳ ಪಾಠಕ್ಕೆ ಮಾತ್ರ ಮುಪ್ಪಿಲ್ಲ.

ಈ ವಿದ್ಯೆ ನಮ್ಮ ದೇಶಕ್ಕೆ ಈಗ ವಿಶೇಷವಾಗಿ ಬೇಕಾಗಿದೆ. ೨೦೨೫ರ ಜನವರಿ ೧ರಿಂದ ಆರಂಭವಾದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯಂತೆ ಸುಮಾರು ೬,೩೦೦ ಸರ್ಕಾರಿ ವಿದ್ಯಾಸಂಸ್ಥೆಗಳಿಗೂ ಸಂಶೋಧನ ಸಂಸ್ಥೆಗಳಿಗೂ ಸುಮಾರು ೧೩,೦೦೦ ಪತ್ರಿಕೆಗಳನ್ನು ಓದುವ ಅವಕಾಶ ದೊರೆಯಿತು. ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿಗಳನ್ನು ಇದಕ್ಕೆ ತೆಗೆದಿರಿಸಲಾಗಿದೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಹುಡುಗಿಯ ಮುಂದೆ ಹಿಂದೆಂದೂ ಇಲ್ಲದಷ್ಟು ದೊಡ್ಡ ಉಗ್ರಾಣದ ಬಾಗಿಲು ತೆರೆದಿದೆ. ಒಳಹೊಕ್ಕು ಏನನ್ನು ಕೇಳಬೇಕೆಂದು ಆಕೆಗೆ ಹೇಳಿಕೊಟ್ಟವರು ಯಾರು?

ನಮ್ಮ ಕಾಲೇಜಿನಲ್ಲಿ ಶನಿವಾರ ಮಧ್ಯಾಹ್ನ ಹತ್ತು ಹನ್ನೆರಡು ಮಂದಿ ಸೇರಿ ಇಂಥದೊಂದು ಮುದ್ರಿಕೆಯನ್ನು ನೋಡುತ್ತೇವೆ. ಸಿನಿಮಾದಂತೆ ನೋಡಿದರೆ ಪ್ರಯೋಜನವಿಲ್ಲವೆಂಬುದು ಮೊದಲ ವಾರವೇ ತಿಳಿಯಿತು. ಎಲ್ಲರೂ ತಲೆಯಾಡಿಸಿದರು, ಮರುದಿನ ಯಾರಿಗೂ ಏನೂ ನೆನಪಿರಲಿಲ್ಲ. ಈಗ ಐದು ನಿಮಿಷಕ್ಕೊಮ್ಮೆ ನಿಲ್ಲಿಸುತ್ತೇವೆ. ಪ್ರತಿಯೊಬ್ಬರೂ ತಮ್ಮ ತಮ್ಮ ಪ್ರಶ್ನೆಯ ಮೇಲೆ ಅದನ್ನೇ ಮಾಡಿ ನೋಡಿದ ಬಳಿಕ ಮುಂದುವರಿಯುತ್ತೇವೆ. ಒಂದು ಗಂಟೆಯ ಉಪನ್ಯಾಸಕ್ಕೆ ಮೂರು ಶನಿವಾರ ಹಿಡಿಯುವುದುಂಟು.

ಕಳೆದ ಸಲ ಬಿ.ಎಸ್‌ಸಿ. ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿ ಸುಣ್ಣದ ಗಾರೆಯ ಗೋಡೆ ಶಾಖವನ್ನು ಎಷ್ಟು ತಡೆಯುತ್ತದೆ ಎಂಬ ಪ್ರಶ್ನೆಯನ್ನು ತಂದಿದ್ದಳು. ಗಣಕಯಂತ್ರವನ್ನು ಮುಟ್ಟುವ ಮೊದಲು ಕಾಗದದ ಮೇಲೆ ಹೆಸರುಗಳ ಪಟ್ಟಿ ಮಾಡಿದಳು. ಇಂಗ್ಲಿಷಿನ ಎರಡು ಮೂರು ಪದಗಳಾದ ಮೇಲೆ, ಬ್ರಿಟಿಷರ ಕಾಲದಲ್ಲಿ ಇದನ್ನೇ 'ಚುನಾಮ್' ಎಂದು ಬರೆಯುತ್ತಿದ್ದರೆಂದು ನಾನು ಹೇಳಿದೆ, ಅದನ್ನೂ ಸೇರಿಸಿಕೊಂಡಳು. ಪಟ್ಟಿಯ ಕೊನೆಯಲ್ಲಿ ಒಂದು ಸಾಲನ್ನು ಖಾಲಿ ಬಿಟ್ಟಿದ್ದಳು. ಏಕೆಂದು ಕೇಳಿದಾಗ, "ನಮ್ಮ ತಾತ ಗಾರೆ ಕೆಲಸ ಮಾಡುತ್ತಿದ್ದರು ಸಾರ್. ಅವರು ಇದಕ್ಕೆ ಬೇರೆ ಏನೋ ಅನ್ನುತ್ತಾರೆ. ಸೋಮವಾರ ಕೇಳಿಕೊಂಡು ಬರುತ್ತೇನೆ" ಎಂದಳು.